ಜೀಪಿನ ಹಾರ್ಡ್ ಟಾಪ್ ಎತ್ತಲು ಶೆಡ್‌ನಲ್ಲೇ ಹಾಯ್ಸ್ಟ್: ನೀವು ಕೇಳಿ, ವರ್ಕ್‌ಶಾಪ್ ಅಣ್ಣ ಹೇಳುತ್ತಾರೆ

ಅಡ್ಮಿನ್: ಕಾಫಿ ಕುಯ್ಲು ಹತ್ತಿರ ಬಂತು. ಮೂಟೆ ತುಂಬಲು ಜೀಪಿನ ಫೈಬರ್ ಟಾಪ್ (ಬಿಚ್ಚಿ ತೆಗೆಯಬಹುದಾದ ಗಟ್ಟಿ ಮೇಲ್ಮುಚ್ಚಳ) ಇಳಿಸುವವರು ನಮ್ಮ ಗುಂಪಿನಲ್ಲಿ ತುಂಬಾ ಜನ. ಮನೆಯಲ್ಲೇ ಹಾಯ್ಸ್ಟ್, ಅಂದರೆ ಭಾರ ಎತ್ತುವ ಸಾಧನ, ಕಟ್ಟುವ ಬಗ್ಗೆ ಇಲ್ಲಿ ಕೇಳಿ. ಗೋಣಿಕೊಪ್ಪದ ನಮ್ಮ ವರ್ಕ್‌ಶಾಪ್ ಅಣ್ಣ ಉತ್ತರ ಕೊಡುತ್ತಾರೆ. ಎಸ್ಟೇಟ್‌ಗಳಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ), ಮೋಟಾರ್ ಎತ್ತಿ ಕೂರಿಸುವುದೇ ಅವರ ಕೆಲಸ.

ಸೋಮವಾರಪೇಟೆ ಜೀಪ್: ನಮಸ್ಕಾರ ಅಣ್ಣ. ಸರಪಳಿ ಎಳೆದು ಭಾರ ಎತ್ತುವ ಚೈನ್ ಬ್ಲಾಕ್ ಎಷ್ಟು ಟನ್‌ದು ತರಲಿ?

ವರ್ಕ್‌ಶಾಪ್ ಅಣ್ಣ: ನಮಸ್ಕಾರ. ಅರ್ಧ ಟನ್‌ದು ಸಾಕು. ಟಾಪ್ ತೂಕ ಅದರ ಹತ್ತಿರಕ್ಕೂ ಬರುವುದಿಲ್ಲ. ಚೈನ್ ಬ್ಲಾಕ್ ತನ್ನಿ ಅನ್ನುವುದು ಅದರ ಬ್ರೇಕ್‌ಗಾಗಿ. ಕೈ ಬಿಟ್ಟರೂ ಭಾರ ನಿಂತಲ್ಲೇ ನಿಲ್ಲುತ್ತದೆ.

ಕುಶಾಲನಗರ 4x4: ಜೀಪಿನ ಮುಂದೆ ಇರುವ 12 ವೋಲ್ಟ್ ವಿಂಚ್ ಬಿಚ್ಚಿ ಮೇಲೆ ಕಟ್ಟಿದರೆ ಆಗುತ್ತಾ ಸರ್?

ವರ್ಕ್‌ಶಾಪ್ ಅಣ್ಣ: ಬೇಡ. ಅದು ಕೆಸರಿನಿಂದ ಗಾಡಿ ಎಳೆಯಲು, ಭಾರ ನೇತುಹಾಕಲು ಅಲ್ಲ. ಅದರ ಜೊತೆ ಬರುವ ಪುಸ್ತಕದಲ್ಲೇ ಬರೆದಿರುತ್ತದೆ, ಓದಿ.

ನಾಪೋಕ್ಲು ತೋಟ: ಅಣ್ಣ, ನಮ್ಮದು ಹೆಂಚಿನ ಶೆಡ್, 12 ಅಡಿ ಅಗಲ. ಅಡ್ಡತೊಲೆ ಸಿಲ್ವರ್ ಓಕ್, ಹಳೆಯದು. ಅದಕ್ಕೆ ಬಾವಿ ರಾಟೆ ಕಟ್ಟಿ, ನೀಲಿ ಪ್ಲಾಸ್ಟಿಕ್ ಹಗ್ಗದಲ್ಲಿ ಟಾಪ್ ಎತ್ತಿ, ಹಗ್ಗದ ತುದಿಯನ್ನು ಗೋಡೆ ಬುಡದ ಕೊಕ್ಕೆಗೆ ಸುತ್ತಿದ್ದೇನೆ. ಭಾನುವಾರದಿಂದ ಹಾಗೇ ನೇತಾಡುತ್ತಿದೆ. ರಾತ್ರಿ ತೊಲೆ ಕಿರ್ ಅನ್ನುತ್ತದೆ. ಮಕ್ಕಳು ಅಲ್ಲೇ ಆಡುತ್ತಾರೆ, ಅದಕ್ಕೆ ಕೇಳಿದೆ.

ವರ್ಕ್‌ಶಾಪ್ ಅಣ್ಣ: ಮೊದಲು ಮಕ್ಕಳನ್ನು ಶೆಡ್‌ನಿಂದ ಹೊರಗೆ ಕಳಿಸಿ. ಟಾಪ್ ಇಳಿಸಿ. ಆಮೇಲೆ ಮುಂದೆ ಓದಿ.

ಇಳಿಸುವಾಗ ಯಾರೂ ಕೆಳಗೆ ಹೋಗಬಾರದು. ದೂರದಿಂದ ಕೋಲಿನಲ್ಲಿ ತಳ್ಳಿ, ಹೊಟ್ಟು ತುಂಬಿದ ಗೋಣಿಚೀಲ ಅದರ ಅಡಿಗೆ ಸೇರಿಸಿ. ಹಗ್ಗವನ್ನು ಕೊಕ್ಕೆಯಿಂದ ಒಂದೇ ಸಲ ಬಿಚ್ಚಬೇಡಿ. ಒಂದು ಸುತ್ತು ಕೊಕ್ಕೆಯಲ್ಲೇ ಇರಲಿ, ಇಬ್ಬರು ಹಿಡಿದು ಸ್ವಲ್ಪ ಸ್ವಲ್ಪವೇ ಬಿಡಿ.

ಈಗ ಲೆಕ್ಕ. ಟಾಪ್ 60 ಕಿಲೋ ಅಂದುಕೊಳ್ಳಿ. ರಾಟೆಯ ಒಂದು ಕಡೆ ಟಾಪ್ 60 ಎಳೆಯುತ್ತದೆ. ಇನ್ನೊಂದು ಕಡೆ ಗೋಡೆಯ ಕೊಕ್ಕೆ ಅಷ್ಟೇ ಜೋರಾಗಿ ಹಿಡಿದಿರುತ್ತದೆ. ರಾಟೆ ಎರಡನ್ನೂ ಹೊರಬೇಕು. ಹಾಗಾಗಿ ನಿಮ್ಮ ತೊಲೆ ಮೇಲೆ ಇರುವುದು 60 ಅಲ್ಲ, ಹೆಚ್ಚುಕಡಿಮೆ 120. ಹಗ್ಗ ಓರೆಯಾಗಿದ್ದರೆ ಭಾರ ಸ್ವಲ್ಪ ಕಡಿಮೆ ಆಗಬಹುದು, ಆದರೆ ತೊಲೆಯನ್ನು ಪಕ್ಕಕ್ಕೂ ಎಳೆಯುತ್ತದೆ. ತೊಲೆ ಆಗಲೇ ಹೆಂಚು ಹೊತ್ತಿದೆ. ಒಂದೊಂದು ಹೆಂಚು ಎರಡು ಕಿಲೋ ಮೇಲೆ, ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ. ಸಿಲ್ವರ್ ಓಕ್ ಮೆಣಸಿನ ಬಳ್ಳಿಗೆ ಒಳ್ಳೆಯ ಮರ. ಹಳೆಯ ತೊಲೆಯ ಒಳಗೆ ಹುಳ ಎಷ್ಟು ತಿಂದಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಕಿರ್ ಅನ್ನುತ್ತಿದ್ದರೆ ಅದು ಬಗ್ಗುತ್ತಿದೆ ಅಂತಲೇ ತಿಳಿಯಿರಿ.

ಆ ನೀಲಿ ಹಗ್ಗವೂ ಬೇಡ. ಭಾರ ಹಾಕಿ ಬಿಟ್ಟರೆ ದಿನದಿಂದ ದಿನಕ್ಕೆ ಹಿಗ್ಗುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ, ಗಂಟು ಜಾರುತ್ತದೆ. ಗಂಟು ಹಾಕಿದ ಜಾಗದಲ್ಲಿ ಯಾವ ಹಗ್ಗದ ಬಲವಾದರೂ ಅರ್ಧಕ್ಕೆ ಹತ್ತಿರ ಇಳಿಯುತ್ತದೆ.

ಮಾಡಬೇಕಾದ್ದು ಇಷ್ಟು. ಶೆಡ್ ಛಾವಣಿಯನ್ನು ಮುಟ್ಟಲೇಬೇಡಿ. ಎರಡು ಕಡೆ ಕಾಲು, ಮೇಲೆ 100 ಎಂಎಂ ಐ ಬೀಮ್ (I ಆಕಾರದ ಉಕ್ಕಿನ ತೊಲೆ), ತನ್ನ ಕಾಲ ಮೇಲೆ ತಾನೇ ನಿಲ್ಲುವ ಚೌಕಟ್ಟು. ಚೈನ್ ಬ್ಲಾಕ್ ಅದಕ್ಕೇ ನೇತುಹಾಕಿ. ಕಾಲುಗಳಿಗೆ ಎರಡೂ ದಿಕ್ಕಿನಲ್ಲಿ ಓರೆ ಆಸರೆ ಕೊಡಿ, ಇಲ್ಲದಿದ್ದರೆ ಪಕ್ಕಕ್ಕೆ ಮಗುಚುತ್ತದೆ. ಟಾಪನ್ನು ನೀರು ಹರಿಯುವ ಅಂಚಿಗೆ ಕೊಕ್ಕೆ ಹಾಕಿ ಎತ್ತಬೇಡಿ, ಫೈಬರ್ ಸೀಳುತ್ತದೆ. ಒಳಗಿನಿಂದ ಮರದ ಚೌಕಟ್ಟು ಕೊಟ್ಟು, ಮೇಲೆ ಹಳೆ ಕಂಬಳಿ ಹಾಸಿ, ನಾಲ್ಕು ಮೂಲೆಯಿಂದ ಎತ್ತಿ.

ತೂಕ ಊಹೆ ಬೇಡ. ಕಾಫಿ ತೂಗುವ ಸ್ಕೇಲ್ ಮನೆಯಲ್ಲೇ ಇದೆ ಅಲ್ವಾ? ಮುಂದಿನ ಅಂಚು ಸ್ಕೇಲ್ ಮೇಲೆ, ಹಿಂದಿನದು ಅದೇ ಎತ್ತರದ ಮಣೆ ಮೇಲೆ ಇಟ್ಟು ಓದಿ. ಆಮೇಲೆ ತಿರುಗಿಸಿ. ಮುಂದೆ 20, ಹಿಂದೆ 40 ಬಂದರೆ ಒಟ್ಟು 60. ಭಾರದ ನಡು ಮುಂದಿನಿಂದ ಮೂರನೇ ಎರಡು ಭಾಗ ಹಿಂದೆ ಇದೆ ಅಂತಲೂ ಗೊತ್ತಾಗುತ್ತದೆ. ಹಿಂದಿನ ಗಾಜಿನಿಂದಾಗಿ ಹಾಗೆ. ಕೊಕ್ಕೆ ಆ ಭಾರದ ನಡುವಿನ ನೇರಕ್ಕೆ ಬರಬೇಕು.

ಇಳಿಸಿದ ಮೇಲೆ ಇಲ್ಲಿ ಬರೆಯಿರಿ.

ಮಡಿಕೇರಿ ಮಂಜು ಮುಸುಕು: ಫಾರ್ವರ್ಡ್ ಬಂದಿದೆ ನೋಡಿ ಸರ್. ಲಾರಿ ಲೋಡ್ ಕಟ್ಟುವ ರ‍್ಯಾಚೆಟ್ ಬೆಲ್ಟ್ ನಾಲ್ಕು ತಂದು ರೀಪಿಗೆ ಕಟ್ಟಿ ಎತ್ತಬಹುದಂತೆ. ಖರ್ಚೇ ಇಲ್ಲ.

ವರ್ಕ್‌ಶಾಪ್ ಅಣ್ಣ: ರೀಪು ಹೆಂಚು ಕೂರಿಸಲು. ಬೆಲ್ಟ್ ಲೋಡ್ ಬಿಗಿಯಲು. ಎರಡನ್ನೂ ಸೇರಿಸಿದವನ ಶೆಡ್ ಕೆಳಗೆ ನೀವು ನಿಲ್ಲುತ್ತೀರಾ? ಆ ಬೆಲ್ಟ್ ಬಿಗಿಯುವಾಗ ಹಲ್ಲು ಹಲ್ಲಾಗಿ ಹೋಗುತ್ತದೆ, ಬಿಡುವಾಗ ಒಂದೇ ಸಲ ಪೂರ್ತಿ ಬಿಡುತ್ತದೆ. ನಾಲ್ಕರಲ್ಲಿ ಒಂದು ಬಿಟ್ಟರೆ ಟಾಪ್ ವಾಲುತ್ತದೆ.

ವಿರಾಜಪೇಟೆ ಹಳೇ ಗಾಡಿ: ಇಷ್ಟೆಲ್ಲ ಯಾಕೆ? ನಾಲ್ಕು ಜನ ಕರೆದರೆ ಐದು ನಿಮಿಷದ ಕೆಲಸ.

ಸೋಮವಾರಪೇಟೆ ಜೀಪ್: ಕುಯ್ಲು ಸಮಯದಲ್ಲಿ ನಾಲ್ಕು ಜನ ಎಲ್ಲಿ ಸಿಗುತ್ತಾರೆ? ನಿಮ್ಮ ಲೈನ್ ಮನೆಯಲ್ಲಿ (ಕೂಲಿಯವರ ಸಾಲುಮನೆ) ಜನ ಇದ್ದಾರೆ ಅಂತ ಎಲ್ಲರ ಲೈನಿನಲ್ಲೂ ಇರುತ್ತಾರಾ?

ವಿರಾಜಪೇಟೆ ಹಳೇ ಗಾಡಿ: ಕೂಲಿ ಸರಿಯಾಗಿ ಕೊಟ್ಟರೆ ಇರುತ್ತಾರೆ.

ಸೋಮವಾರಪೇಟೆ ಜೀಪ್: ನಾನು ಎಷ್ಟು ಕೊಡುತ್ತೇನೆ ಅಂತ ನಿಮಗೆ ಗೊತ್ತಾ? ಸುಮ್ನೆ ಮಾತಾಡಬೇಡಿ.

ಕುಶಾಲನಗರ 4x4: ಅಲ್ಲ, ಟಾಪ್ ತೆಗೆದ ಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಏನು ಮಾಡುತ್ತೀರಿ ಇಬ್ಬರೂ?

ವಿರಾಜಪೇಟೆ ಹಳೇ ಗಾಡಿ: ಟಾರ್ಪಾಲ್ ಹಾಕುತ್ತೇವೆ. ನಮ್ಮ ಅಜ್ಜನ ಕಾಲದ ಜೀಪಿಗೆ ಟಾಪೇ ಇರಲಿಲ್ಲ.

ಸೋಮವಾರಪೇಟೆ ಜೀಪ್: ನಿಮ್ಮ ಅಜ್ಜ ಕೂಲಿಯನ್ನೂ ಕೊಟ್ಟಿರಲಿಕ್ಕಿಲ್ಲ.

ವರ್ಕ್‌ಶಾಪ್ ಅಣ್ಣ: ಕೂಲಿ ಜಗಳಕ್ಕೆ ಬೇರೆ ಪೋಸ್ಟ್ ಹಾಕಿಕೊಳ್ಳಿ. ನಾಪೋಕ್ಲು ಅವರೇ, ಇಳಿಸಿದಿರಾ?

ಪೊನ್ನಂಪೇಟೆ ಹೊಸಬ: ಸರ್, ಬಾವಿ ರಾಟೆ ಹಾಕಿದರೆ ಆಗುತ್ತಾ?

ವರ್ಕ್‌ಶಾಪ್ ಅಣ್ಣ: ಮೇಲೆ ಓದಿ.

ಸಿದ್ದಾಪುರ ರೋಬಸ್ಟಾ: ಸ್ಟೀಲ್ ಹಗ್ಗದ ತುದಿ ಮಡಚಿ ಕುಣಿಕೆ ಮಾಡುವಾಗ ಯು ಕ್ಲಾಂಪ್ ಯಾವ ಕಡೆಗೆ?

ವರ್ಕ್‌ಶಾಪ್ ಅಣ್ಣ: ಒಳ್ಳೆಯ ಪ್ರಶ್ನೆ, ತುಂಬಾ ಜನ ತಪ್ಪುವುದು ಇಲ್ಲೇ. ಯು ಬೋಲ್ಟ್ ಕತ್ತರಿಸಿದ ತುದಿಯ ಮೇಲೆ ಒತ್ತಬೇಕು. ಅಗಲವಾದ ತಳ ಭಾರ ಹೊರುವ ಹಗ್ಗದ ಕಡೆಗೆ. ಮೂರು ಕ್ಲಾಂಪ್ ಹಾಕಿ. ಒಂದು ಸಲ ಭಾರ ಹಾಕಿದ ಮೇಲೆ ಮತ್ತೆ ಬಿಗಿ ಮಾಡಿ.

ಮಡಿಕೇರಿ ಮಂಜು ಮುಸುಕು: ಇನ್ನೊಂದು ಫಾರ್ವರ್ಡ್. ಪ್ಲಾಸ್ಟಿಕ್ ಹಗ್ಗಕ್ಕೆ ಹಳೆ ಇಂಜಿನ್ ಆಯಿಲ್ ಹಚ್ಚಿದರೆ ಗಟ್ಟಿಯಾಗುತ್ತಂತೆ.

ವರ್ಕ್‌ಶಾಪ್ ಅಣ್ಣ: ಜಾರುತ್ತದೆ. ಇನ್ನು ಫಾರ್ವರ್ಡ್ ಹಾಕಿದರೆ ನಾನು ಉತ್ತರ ಕೊಡುವುದಿಲ್ಲ.

ಮಡಿಕೇರಿ ಮಂಜು ಮುಸುಕು: ತಿಳಿದುಕೊಳ್ಳಲು ಹಾಕಿದ್ದು. ಇಷ್ಟು ಕೋಪ ಯಾಕೆ?

ಪೊನ್ನಂಪೇಟೆ ಹೊಸಬ: ಓದಿದೆ ಸರ್. ನಮ್ಮ ತೊಲೆ ಸಿಲ್ವರ್ ಓಕ್ ಅಲ್ಲ, ಹಲಸು. ಆಗ ರಾಟೆ ಆಗುತ್ತಾ?

ವರ್ಕ್‌ಶಾಪ್ ಅಣ್ಣ: ಇಲ್ಲ. ಛಾವಣಿ ಮುಟ್ಟಬೇಡಿ.

ಕುಶಾಲನಗರ 4x4: ಟಾಪ್ ತೆಗೆದು ಓಡಿಸಿದರೆ ಆರ್‌ಟಿಒ ಹಿಡಿಯುತ್ತಾರಾ?

ನಾಪೋಕ್ಲು ತೋಟ: ಇಳಿಸಿದೆ ಅಣ್ಣ, ಚೀಲದ ಮೇಲೆ ಕೂತಿದೆ. ಹಿಂದಿನ ವೈಪರ್ ವೈರ್ ಕಿತ್ತು ಬಂದಿದೆ, ಎತ್ತುವಾಗ ಬಿಚ್ಚಿರಲಿಲ್ಲ. ತೊಲೆ ನಡುವೆ ಉಗುರು ಹೋಗುವಷ್ಟು ಅಗಲದ ಉದ್ದ ಬಿರುಕು ಕಾಣುತ್ತಿದೆ.

ವರ್ಕ್‌ಶಾಪ್ ಅಣ್ಣ: ವೈರ್ ಚಿಕ್ಕ ಕೆಲಸ. ತೊಲೆಗೆ ಕೆಳಗಿನಿಂದ ಇವತ್ತೇ ಒಂದು ಕಂಬ ಕೊಡಿ, ಹೆಂಚಿನ ಭಾರ ಇನ್ನೂ ಅದರ ಮೇಲೇ ಇದೆ. ಶನಿವಾರ ಆ ಕಡೆ ಬರುತ್ತೇನೆ. ಶೆಡ್ ಎತ್ತರ, ಜೀಪಿನ ಎತ್ತರ, ಟಾಪಿನ ಎತ್ತರ ಮೂರನ್ನೂ ಬರೆದಿಡಿ. ಫೋಟೋ ಬೇಡ, ಅಳತೆ ಬೇಕು.

ಸಿದ್ದಾಪುರ ರೋಬಸ್ಟಾ: ಮೈಸೂರಿನಲ್ಲಿ ಸಾಫ್ಟ್ ಟಾಪ್ ಹೊಲಿಯುವವರು ಯಾರಾದರೂ ಗೊತ್ತಾ?