ಬೋಪಣ್ಣ ಅವರಂತೆ ಆಗಬೇಕೆಂದರೆ ಹದಿನೈದನೇ ವಯಸ್ಸಿಗೇ ಸಿಂಗಲ್ಸ್ ಬಿಡಬೇಕೇ?

ಪ್ರಶ್ನೆ: ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಹದಿನೈದು ವರ್ಷ ತುಂಬಿದೆ. ಒಂಬತ್ತನೇ ವಯಸ್ಸಿನಿಂದ ಟೆನಿಸ್ ಆಡುತ್ತಿದ್ದಾನೆ, ಜಿಲ್ಲೆಯ ಹೊರಗೂ ಒಂದೆರಡು ಕಡೆ ಗೆದ್ದು ಬಂದಿದ್ದಾನೆ. ವಯಸ್ಸಿಗೆ ಮೀರಿದ ಎತ್ತರವಿದೆ, ಸರ್ವ್‌ನಲ್ಲಿ ಬಲವಿದೆ, ನೆಟ್ ಬಳಿ ಕೈ ಚುರುಕು. ಆದರೆ ಅಂಗಣದ ಹಿಂಬದಿಯ ಗೆರೆಯಾದ ಬೇಸ್‌ಲೈನ್‌ನಲ್ಲಿ ನಿಂತು ಉದ್ದದ ರ‍್ಯಾಲಿ ಆಡಬೇಕಾಗಿ ಬಂದರೆ ಏಳೆಂಟು ಹೊಡೆತ ಆಗುವಷ್ಟರಲ್ಲಿ ತಾಳ್ಮೆ ಕಳೆದುಕೊಂಡು ಚೆಂಡನ್ನು ಹೊರಗೆ ಹಾಕುತ್ತಾನೆ. ಮಳೆಗಾಲದ ನಾಲ್ಕು ತಿಂಗಳು ನಮ್ಮಲ್ಲಿ ಕೋರ್ಟಿನ ಮೇಲೆ ಪಾಚಿ ಕಟ್ಟಿ ಕಾಲಿಡಲಾಗುವುದಿಲ್ಲ. ಆಗ ಅವನು ಕೊಟ್ಟಿಗೆಯ ಪಕ್ಕದ ತಗಡಿನ ಮಾಡಿನ ಕೆಳಗೆ ಗೋಡೆಗೆ ಚೆಂಡು ಹೊಡೆಯುತ್ತಾನೆ. ನೆಟ್‌ನ ಎತ್ತರಕ್ಕೆ, ಮೂರಡಿಗೆ ಸರಿಯಾಗಿ, ಸುಣ್ಣದಲ್ಲಿ ಗೆರೆ ಎಳೆದುಕೊಂಡಿದ್ದಾನೆ. ಆ ಗೆರೆಯಿಂದ ಒಂದು ಗೇಣು ಮೇಲೆ ಗಿಲಾವು ಉದುರಿ ಚಿರೆಕಲ್ಲು ಕಾಣಿಸುತ್ತಿದೆ.

ಕಳೆದ ಬೇಸಿಗೆಯಲ್ಲಿ ಬೇರೆ ಊರಿನ ಒಂದು ತರಬೇತಿ ಶಿಬಿರಕ್ಕೆ ಕಳಿಸಿದ್ದೆವು. ಅಲ್ಲಿಯ ತರಬೇತುದಾರರು, "ಇವನಿಗೆ ಸಿಂಗಲ್ಸ್ ಆಗಿಬರುವುದಿಲ್ಲ, ಈಗಿನಿಂದಲೇ ಡಬಲ್ಸ್ ಒಂದನ್ನೇ ಆಡಿಸಿ, ರೋಹನ್ ಬೋಪಣ್ಣ ಹಾಗೆಯೇ ವಿಶ್ವದ ಒಂದನೇ ಸ್ಥಾನಕ್ಕೆ ಹೋದರು" ಎಂದು ಹೇಳಿ ಕಳಿಸಿದ್ದಾರೆ. ಮಗನಿಗೆ ಈ ಮಾತು ಬಹಳ ಹಿಡಿಸಿದೆ. ಅಂದಿನಿಂದ ಬೇಸ್‌ಲೈನ್ ಅಭ್ಯಾಸವನ್ನು ಬಹುತೇಕ ಬಿಟ್ಟೇ ಬಿಟ್ಟಿದ್ದಾನೆ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಎರಡೂವರೆ ಎಕರೆ ಅಡಿಕೆ ತೋಟದ ಆದಾಯದಲ್ಲಿ ಇವನ ಆಟಕ್ಕೆ ಹಣ ಹೊಂದಿಸುತ್ತಿರುವುದರಿಂದ, ದಾರಿ ತಪ್ಪಿದರೆ ಹಿಂದಿರುಗಿ ಸರಿಪಡಿಸಿಕೊಳ್ಳುವ ಶಕ್ತಿ ನಮಗಿಲ್ಲ. ಬೋಪಣ್ಣ ಅವರು ನಿಜವಾಗಿಯೂ ಸಿಂಗಲ್ಸ್ ಬಿಟ್ಟೇ ಮೇಲೆ ಬಂದವರೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಡಲತಡಿ, ಕಾರವಾರ

ತೋಟದಮನೆಯವರೇ, ಬೋಪಣ್ಣ ಅವರ ಆಟವನ್ನು ಹದಿನೈದು ವರ್ಷಗಳಿಂದ ಬಿಡದೆ ನೋಡಿಕೊಂಡು ಬಂದವನು ನಾನು. ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ.

ಅವರು 1980ರಲ್ಲಿ ಹುಟ್ಟಿದವರು, ಕೊಡಗಿನ ಕಾಫಿ ಬೆಳೆಗಾರರ ಮನೆಯವರು. ಟೆನಿಸ್ ಹಿಡಿದದ್ದು ಹನ್ನೊಂದನೇ ವಯಸ್ಸಿನಲ್ಲಿ, ವೃತ್ತಿಪರರಾದದ್ದು 2003ರಲ್ಲಿ. ಅಂದಿನಿಂದ ಹಲವು ವರ್ಷ ಅವರು ಸಿಂಗಲ್ಸ್ ಅನ್ನು ಬಿಟ್ಟಿರಲಿಲ್ಲ. 2007ರಲ್ಲಿ ಸಿಂಗಲ್ಸ್ ರ‍್ಯಾಂಕಿಂಗ್‌ನಲ್ಲಿ 213ನೇ ಸ್ಥಾನದವರೆಗೆ ಏರಿದ್ದರು, ಅದೇ ಅವರ ಗರಿಷ್ಠ. ಅಲ್ಲಿಂದ ಮುಂದೆ ಹೋಗಲಾಗಲಿಲ್ಲ ಎಂಬುದು ನಿಜ, ಆದರೆ ಜಗತ್ತಿನಲ್ಲಿ ಒಂಟಿಯಾಗಿ 213ನೆಯವನಾಗುವುದು ಎಂದರೆ ಬೇಸ್‌ಲೈನ್ ಆಟ ಬಾರದವನ ಕೆಲಸವಲ್ಲ. ಪುರುಷರ ವೃತ್ತಿಪರ ಟೆನಿಸ್ ನಡೆಸುವ ಎಟಿಪಿಯ ಮೊದಲ ಡಬಲ್ಸ್ ಪ್ರಶಸ್ತಿ ಬಂದದ್ದು 2008ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ; ಆಗ ಅವರಿಗೆ ಇಪ್ಪತ್ತೆಂಟು ವರ್ಷ.

2010ರ ಸೆಪ್ಟೆಂಬರ್ ತಿಂಗಳೊಂದನ್ನೇ ನಿಮ್ಮ ಮಗನಿಗೆ ಬಿಡಿಸಿ ಹೇಳಿ. ಆ ತಿಂಗಳು ಅವರು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆಗೂಡಿ ಯುಎಸ್ ಓಪನ್ ಫೈನಲ್ ತಲುಪಿ, ಬ್ರಯಾನ್ ಸಹೋದರರ ಎದುರು ಎರಡೂ ಸೆಟ್‌ಗಳನ್ನು ಟೈಬ್ರೇಕರ್‌ನಲ್ಲಿ ಸೋತರು. ಅದಾದ ಕೆಲವೇ ದಿನಗಳಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ, ದೇಶದೇಶಗಳ ನಡುವೆ ನಡೆಯುವ ಡೇವಿಸ್ ಕಪ್‌ನ ಐದು ಪಂದ್ಯಗಳ ಹಣಾಹಣಿಯಿತ್ತು. ಮೊದಲ ದಿನ ಎರಡೂ ಸಿಂಗಲ್ಸ್ ಸೋತು ಭಾರತ 0–2ರಿಂದ ಹಿಂದೆ ಬಿದ್ದಿತ್ತು. ಸೋತವರಲ್ಲಿ ಬೋಪಣ್ಣ ಅವರೂ ಒಬ್ಬರು. ಡಬಲ್ಸ್‌ನಲ್ಲಿ ಪೇಸ್ ಮತ್ತು ಭೂಪತಿ ಗೆದ್ದರು, ನಾಲ್ಕನೇ ಪಂದ್ಯದಲ್ಲಿ ಸೋಮದೇವ್ ಗೆದ್ದರು, 2–2 ಆಯಿತು. ಐದನೆಯ, ಎಲ್ಲವನ್ನೂ ತೀರ್ಮಾನಿಸುವ ಸಿಂಗಲ್ಸ್ ಪಂದ್ಯವನ್ನು ರಿಕಾರ್ಡೊ ಮೆಲೊ ವಿರುದ್ಧ ನೇರ ಸೆಟ್‌ಗಳಲ್ಲಿ ಗೆದ್ದುಕೊಟ್ಟವರು ಇದೇ ಬೋಪಣ್ಣ. ಮೂವತ್ತು ವರ್ಷದ 'ಡಬಲ್ಸ್ ಆಟಗಾರ' ದೇಶಕ್ಕಾಗಿ ಐದು ಸೆಟ್‌ಗಳ ಸಿಂಗಲ್ಸ್ ಆಡಲು ಸಿದ್ಧನಿದ್ದ ಎಂಬುದನ್ನು ನಿಮ್ಮ ತರಬೇತುದಾರರು ಮರೆತಿರಬೇಕು.

ಮುಂದಿನದು ಕಾಯುವಿಕೆಯ ಕಥೆ. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಪುರುಷರ ಡಬಲ್ಸ್‌ನಲ್ಲಿ ಗ್ರ್ಯಾಂಡ್ ಸ್ಲಾಮ್ ಕೈಗೆ ಬರಲು ಮಾತ್ರ 2024ರ ಜನವರಿಯವರೆಗೆ ಕಾಯಬೇಕಾಯಿತು. ಅದು ಅವರ 61ನೇ ಪ್ರಯತ್ನ, ವಯಸ್ಸು 43. ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಇಟಲಿಯ ಬೊಲೆಲಿ ಮತ್ತು ವವಸೋರಿ ಜೋಡಿಯನ್ನು 7–6, 7–5ರಿಂದ ಸೋಲಿಸಿದರು. ಅದೇ ಟೂರ್ನಿಯ ಫಲವಾಗಿ ವಿಶ್ವದ ಒಂದನೇ ಸ್ಥಾನವೂ ಬಂತು, ಆ ಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರ ಎಂಬ ದಾಖಲೆಯೂ ಆಯಿತು. ಅಂದು ಟ್ರೋಫಿ ಹಿಡಿದು ಅವರು ಹೇಳಿದ ಒಂದು ಸಂಗತಿ ನನಗೆ ಇಂದಿಗೂ ಕಿವಿಯಲ್ಲಿದೆ: ಕೆಲವು ವರ್ಷಗಳ ಹಿಂದೆ ಐದು ತಿಂಗಳು ಒಂದೂ ಪಂದ್ಯ ಗೆಲ್ಲಲಾಗದೆ, ಇನ್ನು ಸಾಕು ಎಂದು ಹೆಂಡತಿಗೆ ವಿಡಿಯೊ ಸಂದೇಶ ಕಳಿಸಿದ್ದರಂತೆ.

ಉತ್ತರ: ಹಳೆಯ ಬೇಸ್‌ಲೈನ್, ಕುಮಟಾ

ಇಪ್ಪತ್ತರ ಹರೆಯದಲ್ಲಿ ನಾಲ್ಕು ವರ್ಷ ನಾನು ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆಯಾದ ಐಟಿಎಫ್‌ನ ಕೆಳಹಂತದ ಟೂರ್ನಿಗಳಲ್ಲಿ ಆಡಿದವನು, ಈಗ ಮಕ್ಕಳಿಗೆ ಕಲಿಸುತ್ತೇನೆ. ಕಡಲತಡಿಯವರು ಆಟಗಾರನ ಕಥೆ ಹೇಳಿದ್ದಾರೆ. ನಾನು ವ್ಯವಸ್ಥೆ ಹೇಗಿದೆ ಎಂಬುದನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ನಿಮ್ಮ ಮಗ ಇನ್ನು ಮೂರು ವರ್ಷ ಜೂನಿಯರ್. ಐಟಿಎಫ್ ಜೂನಿಯರ್ ರ‍್ಯಾಂಕಿಂಗ್‌ನಲ್ಲಿ ಆಟಗಾರನ ಅತ್ಯುತ್ತಮ ಆರು ಸಿಂಗಲ್ಸ್ ಫಲಿತಾಂಶಗಳ ಅಂಕಗಳನ್ನು ಪೂರ್ತಿಯಾಗಿ ತೆಗೆದುಕೊಳ್ಳುತ್ತಾರೆ, ಅತ್ಯುತ್ತಮ ಆರು ಡಬಲ್ಸ್ ಫಲಿತಾಂಶಗಳ ಅಂಕಗಳಲ್ಲಿ ಕಾಲು ಭಾಗವನ್ನು ಮಾತ್ರ ಸೇರಿಸುತ್ತಾರೆ. ಸಿಂಗಲ್ಸ್ ಬಿಟ್ಟ ಹುಡುಗ ಎಷ್ಟೇ ಡಬಲ್ಸ್ ಗೆದ್ದರೂ ರ‍್ಯಾಂಕಿಂಗ್ ಪಟ್ಟಿಯ ತಳದಲ್ಲೇ ಉಳಿಯುತ್ತಾನೆ. ರ‍್ಯಾಂಕಿಂಗ್ ಇಲ್ಲದವನಿಗೆ ದೊಡ್ಡ ಟೂರ್ನಿಗಳಲ್ಲಿ ಪ್ರವೇಶವಿಲ್ಲ, ಒಳ್ಳೆಯ ಜೋಡಿಯೂ ಸಿಗುವುದಿಲ್ಲ.

ಹಿರಿಯರ ವಿಭಾಗದಲ್ಲಿ ಸಿಂಗಲ್ಸ್‌ಗೂ ಡಬಲ್ಸ್‌ಗೂ ರ‍್ಯಾಂಕಿಂಗ್ ಬೇರೆಬೇರೆ. ಆದರೂ ಡಬಲ್ಸ್ ಪ್ರವೇಶಕ್ಕೆ ಜೋಡಿಯ ಇಬ್ಬರ ಸ್ಥಾನಗಳನ್ನು ಕೂಡಿಸುವಾಗ, ಗ್ರ್ಯಾಂಡ್ ಸ್ಲಾಮ್‌ನಂಥ ಕಡೆಗಳಲ್ಲಿ, ಸಿಂಗಲ್ಸ್ ರ‍್ಯಾಂಕಿಂಗ್ ಉತ್ತಮವಾಗಿದ್ದರೆ ಅದನ್ನೇ ಪರಿಗಣಿಸುತ್ತಾರೆ. ಹಾಗಾಗಿ ಡಬಲ್ಸ್ ಒಂದನ್ನೇ ನಂಬಿದವನು ಆ ಒಂದೇ ಪಟ್ಟಿಯಲ್ಲಿ ಏರಿ ಬರಬೇಕು, ಜೊತೆಗೆ ತನ್ನಷ್ಟೇ ಏರಿದ ಇನ್ನೊಬ್ಬನನ್ನು ಪ್ರತಿ ವಾರ ಹುಡುಕಿಕೊಳ್ಳಬೇಕು.

ಹಣದ ವಿಷಯಕ್ಕೆ ಬನ್ನಿ. ಎಂ15 ಎಂಬ ಅತಿ ಕೆಳಗಿನ ಹಂತದ ಟೂರ್ನಿಯ ಒಟ್ಟು ಬಹುಮಾನವೇ 15,000 ಡಾಲರ್. ಅದನ್ನು ಸಿಂಗಲ್ಸ್ ಆಡುವ 32 ಮಂದಿ ಮತ್ತು ಡಬಲ್ಸ್ ಆಡುವ 16 ಜೋಡಿಗಳು ಹಂಚಿಕೊಳ್ಳಬೇಕು, ಸಿಂಗಲ್ಸ್‌ಗೇ ಹೆಚ್ಚಿನ ಪಾಲು. ಡಬಲ್ಸ್‌ನ ಪಾಲನ್ನು ಮತ್ತೆ ಇಬ್ಬರು ಹಂಚಿಕೊಳ್ಳಬೇಕು. ಒಂದು ವಾರ ಫೈನಲ್‌ವರೆಗೆ ಆಡಿದರೂ ಕೋಣೆಯ ಬಾಡಿಗೆ ಮತ್ತು ಗಟ್ಟಿಂಗ್ (ರ‍್ಯಾಕೆಟ್‌ಗೆ ತಂತಿ ಬಿಗಿಸುವ) ಖರ್ಚು ಕಳೆದು ಕೈಯಲ್ಲಿ ಏನೂ ಉಳಿಯದ ವಾರಗಳನ್ನು ನಾನೇ ಕಂಡಿದ್ದೇನೆ. ಸಿಂಗಲ್ಸ್‌ನಲ್ಲಿ ದೇಶಕ್ಕೇ ಮೊದಲಿಗರಾಗಿದ್ದ ಸುಮಿತ್ ನಾಗಲ್ ಅವರೇ 2023ರಲ್ಲಿ ತಮ್ಮ ಖಾತೆಯಲ್ಲಿ ಉಳಿದಿರುವುದು ಸುಮಾರು 900 ಯೂರೊ ಎಂದು ಹೇಳಿಕೊಂಡಿದ್ದರು. ನಾಲ್ಕು ತಿಂಗಳ ನಂತರ ಅವರು ಅರ್ಹತಾ ಸುತ್ತಿನಿಂದ ಬಂದು ಆಸ್ಟ್ರೇಲಿಯನ್ ಓಪನ್‌ನ ಮೊದಲ ಸುತ್ತಿನಲ್ಲಿ 31ನೇ ಶ್ರೇಯಾಂಕದ ಬುಬ್ಲಿಕ್ ಅವರನ್ನು ಸೋಲಿಸಿದರು. (ಬೋಪಣ್ಣ ಅವರು 2025ರಲ್ಲಿ ಪ್ಯಾರಿಸ್‌ನಲ್ಲಿ ತಮ್ಮ ಕೊನೆಯ ಪಂದ್ಯ ಆಡಿದ್ದು ಇದೇ ಬುಬ್ಲಿಕ್ ಜೊತೆಗೂಡಿ.)

ಇನ್ನು ಆಟದ ಮಾತು. ಸಿಂಗಲ್ಸ್ ಅಂಗಣದ ಅಗಲ 27 ಅಡಿ, ಡಬಲ್ಸ್‌ಗೆ 36 ಅಡಿ. ಅಂದರೆ ಡಬಲ್ಸ್‌ನಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು 18 ಅಡಿ. ಎಟಿಪಿ ಟೂರ್‌ನ ಮಾಮೂಲಿ ಟೂರ್ನಿಗಳಲ್ಲಿ ಡ್ಯೂಸ್ (40–40) ಆದರೆ ಒಂದೇ ಅಂಕಕ್ಕೆ ಗೇಮ್ ಮುಗಿಯುತ್ತದೆ, ಮೂರನೇ ಸೆಟ್ ಬದಲು ಹತ್ತು ಅಂಕಗಳ ಟೈಬ್ರೇಕ್ ಇರುತ್ತದೆ. ನಲವತ್ತು ದಾಟಿದವರೂ ಅಲ್ಲಿ ನಿಲ್ಲಬಲ್ಲರು ಎಂಬುದಕ್ಕೆ ಇದೇ ಕಾರಣ. ಆದರೆ ಸರ್ವ್ ಎದುರಿಸಿ ಚೆಂಡನ್ನು ಎದುರಾಳಿಯ ಕಾಲ ಬುಡಕ್ಕೆ ತಗ್ಗಿಸಿ ಹಾಕುವ ರಿಟರ್ನ್ ಇಲ್ಲದಿದ್ದರೆ ಡಬಲ್ಸ್‌ನಲ್ಲಿ ಎದುರಾಳಿ ಸರ್ವ್ ಮಾಡುವ ಒಂದು ಗೇಮನ್ನೂ ಗೆಲ್ಲಲಾಗುವುದಿಲ್ಲ, ಆ ರಿಟರ್ನ್ ಹುಟ್ಟುವುದು ಸಿಂಗಲ್ಸ್‌ನಲ್ಲಿ ಸಾವಿರಾರು ಸಲ ಒಬ್ಬನೇ ನಿಂತು ಸರ್ವ್ ಎದುರಿಸಿದ ಮೇಲೆಯೇ. ಎಂಟನೇ ಹೊಡೆತಕ್ಕೆ ಅವಸರಪಡುವ ಹುಡುಗ ಡಬಲ್ಸ್‌ಗೆ ಹೋದರೆ ಅವಸರ ಹೋಗುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ಪಂದ್ಯ ಬಿಗಿಯಾದ ದಿನ ಅದು ಹೊರಬೀಳುತ್ತದೆ.

2023ರಲ್ಲಿ ಧಾರವಾಡದಲ್ಲಿ ಐಟಿಎಫ್‌ನ 25 ಸಾವಿರ ಡಾಲರ್ ಬಹುಮಾನದ ಪುರುಷರ ಟೂರ್ನಿ ನಡೆದಾಗ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಸಿಂಗಲ್ಸ್ ಸೋತ ಒಬ್ಬ ಆಟಗಾರ ಬೇಲಿಗೆ ಬೆವರಿನ ಅಂಗಿ ಒಣಹಾಕಿ, ಕಟ್ಟೆಯ ಮೇಲೆ ಕುಳಿತು ಬಾಳೆಹಣ್ಣು ತಿಂದು, ತಾನೇ ರ‍್ಯಾಕೆಟ್‌ಗೆ ಗ್ರಿಪ್ ಸುತ್ತಿಕೊಂಡು ಮಧ್ಯಾಹ್ನ ಡಬಲ್ಸ್‌ಗೆ ಇಳಿದ. ಮಕ್ಕಳು ಅವನ ಆಟಕ್ಕಿಂತ ಆ ಎರಡು ಗಂಟೆಗಳನ್ನೇ ಹೆಚ್ಚು ನೋಡಿದರು. ನಿಮ್ಮ ಮಗನಿಗೂ ಅಂಥದ್ದನ್ನು ಒಮ್ಮೆ ತೋರಿಸಿ.

ಉತ್ತರ: ಕಾಳಿ ದಂಡೆ, ಕಾರವಾರ

ನನ್ನ ಮಗಳು ಹದಿನೇಳರವರೆಗೆ ಆಡಿ ಬಿಟ್ಟಳು. ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಅವಳ ಜೊತೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಹಿರಿಯರು ಹೇಳಿದ್ದಕ್ಕೆ ಸಾನಿಯಾ ಮಿರ್ಜಾ ಅವರ ಉದಾಹರಣೆಯನ್ನೂ ಸೇರಿಸುತ್ತೇನೆ. 2015ರ ಏಪ್ರಿಲ್‌ನಲ್ಲಿ ಅವರು ಡಬಲ್ಸ್‌ನ ಒಂದನೇ ಸ್ಥಾನಕ್ಕೆ ಬಂದದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಎಂಟು ವರ್ಷ ಮೊದಲು, 2007ರಲ್ಲಿ, ಅವರು ಸಿಂಗಲ್ಸ್‌ನಲ್ಲಿ 27ನೇ ಸ್ಥಾನದಲ್ಲಿದ್ದರು. ಮಣಿಕಟ್ಟಿನ ಗಾಯ ಮತ್ತೆ ಮತ್ತೆ ಕಾಡಿದ ಮೇಲೆಯೇ ಸಿಂಗಲ್ಸ್ ಬಿಟ್ಟರು.

ಒಂದು ಮಾತು, ತಾಯಿಯಾಗಿ. ನನ್ನ ಮಗಳಿಗೆ "ನಿನಗೆ ಇದು ಆಗಿಬರುವುದಿಲ್ಲ" ಎಂದು ಒಬ್ಬರು ಹದಿನಾಲ್ಕನೇ ವಯಸ್ಸಿನಲ್ಲಿ ಹೇಳಿದರು, ಅವಳು ಅದನ್ನು ನಂಬಿದಳು. ಆಟ ಬಿಟ್ಟದ್ದಕ್ಕೆ ನನಗೆ ದುಃಖವಿಲ್ಲ, ಓದಿನಲ್ಲಿ ಚೆನ್ನಾಗಿದ್ದಾಳೆ. ಆ ಮಾತನ್ನು ಅಂದೇ ಎದುರು ಕುಳಿತು ಪ್ರಶ್ನಿಸಲಿಲ್ಲವಲ್ಲ ಎಂಬ ನೋವು ಮಾತ್ರ ಉಳಿದಿದೆ. ನೀವು ಇಲ್ಲಿ ಕೇಳಿದ್ದು ಒಳ್ಳೆಯದಾಯಿತು ಅಣ್ಣ.

ಉತ್ತರ: ಶರಾವತಿ, ಹೊನ್ನಾವರ

ನಾನು ಫಿಸಿಯೊಥೆರಪಿಸ್ಟ್. ಬೇಗನೆ ಎತ್ತರ ಬೆಳೆಯುತ್ತಿರುವ ಹುಡುಗ ಎಂದಿರಿ. ಮೂಳೆ ಬೆಳೆಯುವ ವೇಗಕ್ಕೆ ಸ್ನಾಯು ಹೊಂದಿಕೊಳ್ಳದ ವಯಸ್ಸು ಇದು. ಸರ್ವ್ ಒಂದನ್ನೇ ದಿನವೂ ನೂರಾರು ಸಲ ಹೊಡೆಸಿದರೆ ಭುಜ ಮತ್ತು ಸೊಂಟ ತೊಂದರೆ ಕೊಡಲು ಶುರುಮಾಡುತ್ತವೆ. ಮಂಡಿಚಿಪ್ಪಿನ ಕೆಳಗೆ ಒತ್ತಿದರೆ ನೋವಿದೆಯೇ ಎಂದು ಒಮ್ಮೆ ನೋಡಿ. ಬೋಪಣ್ಣ ಅವರ ಎರಡೂ ಮಂಡಿಗಳಲ್ಲಿ ಮೃದ್ವಸ್ಥಿ (ಮೂಳೆಗಳ ನಡುವಿನ ಮೆತ್ತನೆಯ ಪದರ) ಸವೆದುಹೋಗಿತ್ತು. ನೋವಿನ ಮಾತ್ರೆಗಳ ಮೇಲೆ ಆಡುತ್ತಿದ್ದವರು ಅಯ್ಯಂಗಾರ್ ಯೋಗ ಹಿಡಿದ ಮೇಲೆ ಚೇತರಿಸಿಕೊಂಡರೆಂದು ಅವರೇ ಹೇಳಿದ್ದಾರೆ. ಯೋಗದಿಂದ ಮೃದ್ವಸ್ಥಿ ಮರಳಿ ಬೆಳೆಯಿತೆಂದು ಯಾರೂ ತಿಳಿಯಬಾರದು. ತೊಡೆ ಮತ್ತು ಪೃಷ್ಠದ ಸ್ನಾಯುಗಳು ಬಲಗೊಂಡರೆ ಮಂಡಿಯ ಮೇಲಿನ ಹೊರೆ ತಗ್ಗುತ್ತದೆ. ಆ ಕೆಲಸವನ್ನು ನಲವತ್ತಕ್ಕೆ ಬದಲು ಹದಿನೈದಕ್ಕೇ ಆರಂಭಿಸಬಹುದು, ಮಳೆಗಾಲದಲ್ಲಿ ಜಗಲಿಯ ಮೇಲೆಯೇ ಮಾಡಬಹುದು.

ಮರುಪ್ರತಿಕ್ರಿಯೆ: ತೋಟದಮನೆ, ಶಿರಸಿ

ನಾಲ್ವರಿಗೂ ಕೃತಜ್ಞತೆಗಳು. ಇಷ್ಟು ವಿವರವಾಗಿ ಬರೆಯುತ್ತೀರೆಂದು ಎಣಿಸಿರಲಿಲ್ಲ. ರಾತ್ರಿ ಊಟವಾದ ಮೇಲೆ ಮಗನನ್ನು ಕೂರಿಸಿಕೊಂಡು ಎಲ್ಲವನ್ನೂ ಓದಿ ಹೇಳಿದೆ. ಜೂನಿಯರ್ ರ‍್ಯಾಂಕಿಂಗ್‌ನಲ್ಲಿ ಡಬಲ್ಸ್‌ಗೆ ಕಾಲು ಭಾಗ ಎಂಬಲ್ಲಿ ಅವನು ಮೌನವಾದ. ಚೆನ್ನೈ ಪಂದ್ಯದ ಕಥೆಯನ್ನು ಮಾತ್ರ ಎರಡು ಸಲ ಓದಿಸಿಕೊಂಡ. ಮರುದಿನ ಸಂಜೆ ಗೋಡೆಯ ಮುಂದೆ ಗಟ್ಟಿಯಾಗಿ ಎಣಿಸುತ್ತಿದ್ದ. ಇಪ್ಪತ್ತು ಹೊಡೆತ ತಪ್ಪದೆ ಹೊಡೆಯಬೇಕೆಂದು ತಾನೇ ನಿಯಮ ಮಾಡಿಕೊಂಡಿದ್ದಾನೆ. ನಾನು ಹಾಲು ಕರೆದು ಬರುವವರೆಗೂ ಹದಿನಾಲ್ಕನ್ನು ದಾಟಿರಲಿಲ್ಲ.

ಹದಿನೆಂಟರವರೆಗೆ ಸಿಂಗಲ್ಸ್ ಮತ್ತು ಡಬಲ್ಸ್ ಎರಡಕ್ಕೂ ಹೆಸರು ಕೊಡುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಮಂಡಿಯನ್ನು ಒತ್ತಿ ನೋಡಿದೆ, ಎಡಗಾಲಿನಲ್ಲಿ ಸ್ವಲ್ಪ ನೋವಿದೆ ಎನ್ನುತ್ತಾನೆ. ಶರಾವತಿಯವರೇ, ಮುಂದಿನ ವಾರ ಹೊನ್ನಾವರಕ್ಕೆ ಕರೆತಂದು ನಿಮಗೇ ತೋರಿಸುತ್ತೇನೆ.

ಉತ್ತರ: ಹಳೆಯ ಬೇಸ್‌ಲೈನ್, ಕುಮಟಾ

ಹದಿನಾಲ್ಕು ಒಳ್ಳೆಯ ಲೆಕ್ಕವೇ. ಗೋಡೆಯಿಂದ ಈಗ ನಿಲ್ಲುವುದಕ್ಕಿಂತ ಇನ್ನೂ ಎರಡು ಹೆಜ್ಜೆ ಹಿಂದೆ ನಿಂತು ಆಡಲು ಹೇಳಿ. ಹತ್ತಿರ ನಿಂತರೆ ಚೆಂಡು ಬೇಗ ಮರಳಿ ಬಂದು ಅವಸರವನ್ನೇ ಕಲಿಸುತ್ತದೆ. ಧಾರವಾಡ ಅಥವಾ ಹುಬ್ಬಳ್ಳಿಯಲ್ಲಿ ಮುಂದೆ ಯಾವುದೇ ಟೂರ್ನಿ ಆದರೂ ನನ್ನ ಮಕ್ಕಳನ್ನು ಕರೆದುಕೊಂಡು ಶಿರಸಿಯ ಮೇಲೆಯೇ ಹೋಗುತ್ತೇನೆ, ಅವನಿಗೂ ಗಾಡಿಯಲ್ಲಿ ಜಾಗವಿರುತ್ತದೆ. ನನ್ನಲ್ಲಿ ಹದಿನಾರರ ಎಡಗೈ ಹುಡುಗನೊಬ್ಬನಿದ್ದಾನೆ, ಬೇಸ್‌ಲೈನ್ ಗಟ್ಟಿ, ನೆಟ್‌ಗೆ ಬರಲು ಮಾತ್ರ ಹೆದರುತ್ತಾನೆ. ಇಬ್ಬರನ್ನೂ ಒಂದು ಬದಿಗೆ ನಿಲ್ಲಿಸಿ ನೋಡಬೇಕು.