ಪದಚರ್ಚೆ: ಸ್ಯಾಂಪಲ್ಲಿಗೂ ಮಾದರಿ, ಮಾಡೆಲ್ಲಿಗೂ ಮಾದರಿ (ನಾಳೆ ಬೆಳಿಗ್ಗೆಯೊಳಗೆ ಬೇಕು)

ಕುವೆಂಪುನಗರ, ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು.

ಶನಿವಾರ ನಮ್ಮ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ ಇದೆ. ಗಣಿತ, ಭೌತವಿಜ್ಞಾನ, ಕಂಪ್ಯೂಟರ್ ವಿಭಾಗದ ಮಕ್ಕಳು ನರ್ಸಿಂಗ್ ಮಕ್ಕಳ ಜೊತೆ ಸೇರಿ, ಅಂಟುರೋಗ ಹೇಗೆ ಹರಡುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ತೋರಿಸುತ್ತಿದ್ದಾರೆ. ಆರು ಬೋರ್ಡು. ಕನ್ನಡ ಮಾಡುವುದು ನನ್ನ ಪಾಲಿಗೆ ಬಂದಿದೆ. ಫ್ಲೆಕ್ಸ್ ಅಂಗಡಿಯವರು ನಾಳೆ ಹತ್ತು ಗಂಟೆಗೆ ಫೈಲ್ ಕೇಳಿದ್ದಾರೆ. ಮೂರು ಬೋರ್ಡು ಸಲೀಸಾಗಿ ಆಯಿತು. ನಾಲ್ಕನೆಯದರಲ್ಲಿ ಸಿಕ್ಕಿಹಾಕಿಕೊಂಡೆ. ನಾನು ಬರೆದ ವಾಕ್ಯ ಇದು:

"ಮಾದರಿಗಳಿಂದ ಬಂದ ಅಂಕಿಗಳಿಗೆ ಮಾದರಿಯನ್ನು ಹೊಂದಿಸಿ, ಹೊಸ ಮಾದರಿಗಳ ಮೇಲೆ ಆ ಮಾದರಿಯನ್ನು ಪರೀಕ್ಷಿಸಿದೆವು."

ವ್ಯಾಕರಣ ಸರಿ ಇದೆ. ಅರ್ಥ ಮಾತ್ರ ಯಾರಿಗೂ ಆಗುವುದಿಲ್ಲ. ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಅಕ್ಕನಿಗೆ ಓದಿ ತೋರಿಸಿದೆ. ಅವರು ಕೈ ಒರೆಸಿಕೊಂಡು ಬಂದು ಎರಡು ಸಲ ಓದಿಸಿಕೊಂಡರು. "ಮೇಡಂ, ಮಾದರಿ ರಕ್ತ ಅಂದ್ರೆ ಒಳ್ಳೇ ರಕ್ತಾನಾ? ಮಾದರಿ ಶಾಲೆ ಅಂತೀವಲ್ಲ, ಆ ಥರ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾಗಿದೆ. ಚುನಾವಣೆ ಬಂದಾಗಲೆಲ್ಲ ಮಾದರಿ ನೀತಿ ಸಂಹಿತೆ ಅಂತ ಕೇಳುತ್ತೇವೆ, ಅಲ್ಲೂ ಇದೇ ಅರ್ಥ.

ನಾಲ್ಕು ವಿಭಾಗದಲ್ಲೂ ಈ ಪದ ಬಳಕೆಯಲ್ಲಿದೆ. ಭೌತವಿಜ್ಞಾನದ ಮಕ್ಕಳಿಗೆ 1913ರ ಬೋರ್ ಪರಮಾಣು ಮಾದರಿ ಗೊತ್ತು. ಕಂಪ್ಯೂಟರಿನವರು ಭಾಷಾ ಮಾದರಿ ಅಂತಾರೆ. ಗಣಿತದವರ ಬೋರ್ಡಿನಲ್ಲಿ, ಅಂಟುರೋಗ ಹರಡುವ ಲೆಕ್ಕಕ್ಕೆ ಕೆರ್ಮಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಕೊಟ್ಟ ಸಮೀಕರಣ ಇದೆ, ಅದೂ ಮಾದರಿ. ನರ್ಸಿಂಗ್ ಮಕ್ಕಳಿಗೆ ಮಾತ್ರ ಮಾದರಿ ಎಂದರೆ ಟ್ಯೂಬಿನೊಳಗಿನ ರಕ್ತ, ಡಬ್ಬಿಯೊಳಗಿನ ಕಫ.

ಎರಡಕ್ಕೂ ಬೇರೆ ಬೇರೆ ಪದ ಕೊಡಿ. ಹೈಸ್ಕೂಲ್ ಮಕ್ಕಳು ನಿಂತು ಓದುವ ಬೋರ್ಡು.

ಮಂಡ್ಯದಿಂದ:

ಮೇಡಂ, ಇದರಲ್ಲಿ ಚರ್ಚೆ ಏನಿದೆ? ಸ್ಯಾಂಪಲ್ ಅಂತ ಬರೆಯಿರಿ, ಮಾಡೆಲ್ ಅಂತ ಬರೆಯಿರಿ. ಇಲ್ಲಿ ಭತ್ತ ಕೊಳ್ಳುವವರು ಮೂಟೆಗೆ ಚೂಪು ಕೊಳವೆ ಚುಚ್ಚಿ, ಒಂದು ಹಿಡಿ ಅಂಗೈಗೆ ಸುರಿದುಕೊಂಡು, ಜೊಳ್ಳು ಎಷ್ಟು, ತೇವ ಎಷ್ಟು ಅಂತ ನೋಡುತ್ತಾರೆ. ಅದಕ್ಕೆ ಅವರು ಸ್ಯಾಂಪಲ್ ಅಂತಾರೆ. ಮಾರುವ ರೈತನೂ ಹಾಗೇ ಅಂತಾನೆ. ಹೊಸ ಪದ ಹುಡುಕಿಕೊಂಡು ಯಾರೂ ಕೂತಿಲ್ಲ.

ಸರಸ್ವತಿಪುರಂ, ಮೈಸೂರಿನಿಂದ:

ಹೀಗೆ ಕೈಚೆಲ್ಲುವುದಾದರೆ ಈ ಪದಚರ್ಚೆಯಾದರೂ ಯಾಕೆ ಬೇಕು? ಮಾಡೆಲ್ ಎನ್ನುವ ಪದದ ಹಿಂದೆ ಲ್ಯಾಟಿನ್ನಿನ ಮೋಡುಸ್ ಇದೆ. ಮೋಡುಸ್ ಎಂದರೆ ಅಳತೆ. ನಮ್ಮಲ್ಲಿ ಅಳತೆಗೆ ಸಂಸ್ಕೃತದ 'ಮಾ' ಧಾತು ಇದೆ. ಮಾನ, ಪ್ರಮಾಣ, ಉಪಮೆ, ಪ್ರತಿಮೆ ಎಲ್ಲ ಅದರಿಂದಲೇ ಹುಟ್ಟಿದವು. ಹಾಗಾಗಿ ಮಾಡೆಲ್ಲಿಗೆ ಪ್ರತಿಮಾನ ಎನ್ನಿ. ಸ್ಯಾಂಪಲ್ಲಿಗೆ ಹಿಂದಿಯ ಅಂಕಿಅಂಶದ ಪುಸ್ತಕಗಳಲ್ಲಿ ಪ್ರತಿದರ್ಶ ಇದೆ. ಎರಡೂ ಜೋಡಿಯಾಗಿ ಚೆನ್ನಾಗಿ ನಿಲ್ಲುತ್ತವೆ.

ಪಾಂಡವಪುರದಿಂದ:

ಪ್ರತಿಮಾನ ಬೇಡ. ಬೋರ್ಡಿನ ಮುಂದೆ ನಿಂತ ಹುಡುಗಿ ಪ್ರತಿಮೆ ಎಲ್ಲಿ ಅಂತ ಹುಡುಕುತ್ತಾಳೆ. ಪ್ರತಿದರ್ಶವೂ ಬೇಡ. ಹಿಂದಿಯಿಂದ ಎರವಲು ತಂದು ಕನ್ನಡಕ್ಕೆ ಏನು ಲಾಭ?

ಕನ್ನಡದಲ್ಲಿ ಪದ ಇದೆ. ನಮ್ಮೂರಿನ ಆಲೆಮನೆಗೆ ಬನ್ನಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಗಟ್ಟಿಯಾಗುವಾಗ, ಬೆಲ್ಲ ತೆಗೆಯುವವನು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಡುತ್ತಾನೆ. ಅದನ್ನು ಬೆರಳಲ್ಲಿ ಉಂಡೆ ಮಾಡಿ ನೋಡಿ, ಪಾಕ ಬಂತು ಅಂತಾನೆ. ಆಮೇಲೆ ಅದನ್ನು ಮರದ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ಬೆಲ್ಲ ಅಲ್ಲಿಂದಲೇ ಬರುವುದು. ಮಾಡೆಲ್ ಎಂದರೆ ಅಚ್ಚು. ಪಡಿಯಚ್ಚು ಅನ್ನುವ ಪದವೂ ಇದೆ, ಅದು ಇನ್ನೂ ಸರಿ. ಸ್ಯಾಂಪಲ್ಲಿಗೆ ಅಗುಳು ಅನ್ನಿ. ಅನ್ನ ಬೆಂದಿದೆಯೋ ಇಲ್ಲವೋ ಅಂತ ನೋಡಲು ಒಂದು ಅಗುಳು ಸಾಕು ಅಂತ ಎಲ್ಲ ಮನೆಯಲ್ಲೂ ಹೇಳುತ್ತಾರೆ.

ಒಂಟಿಕೊಪ್ಪಲು, ಮೈಸೂರಿನಿಂದ:

ಅಚ್ಚು ಆಗುವುದಿಲ್ಲ. ನಾನು ಮೂವತ್ತು ವರ್ಷ ಅಂಕಿಅಂಶ ಪಾಠ ಮಾಡಿದವನು, ಇದನ್ನು ಸುಮ್ನೆ ಹೇಳುತ್ತಿಲ್ಲ.

ಅಚ್ಚು ಮೊದಲು, ಬೆಲ್ಲ ಆಮೇಲೆ. ಬೆಲ್ಲ ಅಚ್ಚಿಗೆ ಹೊಂದಬೇಕು. ನಮ್ಮ ಕೆಲಸದಲ್ಲಿ ಅಚ್ಚೇ ಬೆಲ್ಲಕ್ಕೆ ಹೊಂದಬೇಕು. ಮೇಡಂ ಹೇಳಿದ 1927ರ ಲೇಖನವನ್ನೇ ನೋಡಿ. ಬೊಂಬಾಯಿಯಲ್ಲಿ 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಪ್ಲೇಗಿನಲ್ಲಿ ಸತ್ತವರ ವಾರವಾರದ ಲೆಕ್ಕ ಅವರ ಮುಂದಿತ್ತು. ಸಾವು ಏರಿದ್ದು, ತುದಿ ಮುಟ್ಟಿದ್ದು, ಇಳಿದದ್ದು, ಎಲ್ಲವನ್ನೂ ಒಂದು ಸಮೀಕರಣ ಹಿಡಿಯುತ್ತದೆಯೇ ಎಂದು ನೋಡಿದರು. ನಕ್ಷೆಯಲ್ಲಿ ಸಮೀಕರಣದ ಗೆರೆ ಸಾವಿನ ಲೆಕ್ಕದ ಚುಕ್ಕೆಗಳ ಹತ್ತಿರ ಬಂದರೆ ಅದನ್ನು ಇಟ್ಟುಕೊಳ್ಳುತ್ತಾರೆ. ಬರದಿದ್ದರೆ ಬದಲಾಗುವುದು ಸಮೀಕರಣವೇ, ಸತ್ತವರ ಸಂಖ್ಯೆ ಅಲ್ಲ. ಪಡಿಯಚ್ಚಂತೂ ಇನ್ನೂ ತಪ್ಪು. ಪಡಿಯಚ್ಚು ಎಂದರೆ ಇದ್ದದ್ದು ಇದ್ದ ಹಾಗೆ. ಮಾಡೆಲ್ ಮಾಡುವವನು ಬೇಕೆಂದೇ ಎಷ್ಟೋ ವಿವರ ಬಿಡುತ್ತಾನೆ. ಊರಿನ ಎಲ್ಲರೂ ಎಲ್ಲರನ್ನೂ ಒಂದೇ ಸಮ ಭೇಟಿಯಾಗುತ್ತಾರೆ ಅಂತ ಇಟ್ಟುಕೊಳ್ಳುತ್ತಾನೆ. ಅದು ನಿಜ ಅಲ್ಲ ಅಂತ ಅವನಿಗೂ ಗೊತ್ತು.

ಅಗುಳು ನೋಡಲು ಚೆಂದ, ಆದರೆ ದಾರಿ ತಪ್ಪಿಸುತ್ತದೆ. ಒಂದು ಪಾತ್ರೆಯ ಅಕ್ಕಿ ಒಂದೇ ನೀರಿನಲ್ಲಿ ಬೇಯುತ್ತದೆ, ಅದಕ್ಕೇ ಒಂದು ಅಗುಳು ಸಾಕು. ಜನ ಹಾಗಲ್ಲ. ಒಂದು ಬೀದಿಯಲ್ಲಿ ಮನೆಮನೆಗೂ ಜ್ವರ ಇರುತ್ತದೆ, ಪಕ್ಕದ ಬೀದಿಯಲ್ಲಿ ಒಬ್ಬರಿಗೂ ಇರುವುದಿಲ್ಲ. ಯಾರನ್ನು ಆರಿಸಿದಿರಿ, ಎಷ್ಟು ಜನರನ್ನು ಆರಿಸಿದಿರಿ ಅನ್ನುವುದರಲ್ಲೇ ಎಲ್ಲ ಇದೆ. ಅಂಕಿಅಂಶ ತಜ್ಞ ಮಹಾಲನೋಬಿಸ್ ಜೀವಮಾನ ಕಳೆದದ್ದು ಈ ಪ್ರಶ್ನೆಯ ಜೊತೆ. 1950ರಲ್ಲಿ ಶುರುವಾದದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆ. ಅಲ್ಲಿ ಮಾದರಿ ಎಂದರೆ ಸ್ಯಾಂಪಲ್. ಅದನ್ನು ಕದಲಿಸಬೇಡಿ. ಮಾಡೆಲ್ಲಿಗೆ ಬೇರೆ ನೋಡಿ, ನಮೂನೆ ಅನ್ನಬಹುದು.

ಪಾಂಡವಪುರದಿಂದ ಮತ್ತೆ:

ಮೇಷ್ಟ್ರೇ, ಅಚ್ಚು ಬಿಟ್ಟೆ. ನಿಮ್ಮ ಮಾತು ಸರಿ. ಆದರೆ ನಮೂನೆ ಫಾರಸಿ. ಪಂಚಾಯಿತಿ ಆಫೀಸಿನಲ್ಲಿ ನಮೂನೆ 9 ಕೊಡಿ ಅಂತ ಕೇಳುತ್ತೇವೆ. ನಮೂನೆ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಅರ್ಜಿ. ಕನ್ನಡದ ಬೇರಿನಿಂದ ಪದ ಕಟ್ಟಲು ನಮಗೆ ಯಾಕೆ ಇಷ್ಟು ಹೆದರಿಕೆ?

ಮಂಡ್ಯದಿಂದ ಮತ್ತೆ:

ಫಾರಸಿ ಅಂತ ತೆಗೆದರೆ ಜಾಸ್ತಿ ಹೋಗುತ್ತದೆ. ಥರ ಹೋಗುತ್ತದೆ. ತಾಲ್ಲೂಕು, ಜಿಲ್ಲೆ ಹೋಗುತ್ತವೆ. ರೈತ ಅನ್ನುವ ಪದವೂ ಅರಬ್ಬಿಯಿಂದ ಬಂದದ್ದು. ಮಂಡ್ಯದಲ್ಲಿ ನಿಂತು ರೈತ ಕನ್ನಡ ಅಲ್ಲ ಅಂತ ಹೇಳಿ ನೋಡೋಣ.

ಸರಸ್ವತಿಪುರಂನಿಂದ ಮತ್ತೆ:

ರೈತ ನೂರಾರು ವರ್ಷ ಉತ್ತು ಬಿತ್ತು ಕನ್ನಡದವನಾದ. ಸ್ಯಾಂಪಲ್ ನಿನ್ನೆ ಬಂದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕುವೆಂಪುನಗರದಿಂದ, ಮರುದಿನ ಬೆಳಿಗ್ಗೆ:

ಎಲ್ಲರಿಗೂ ವಂದನೆ. ರಾತ್ರಿ ಹನ್ನೊಂದರವರೆಗೆ ಕೂತು ನಿಮ್ಮ ಪದಗಳನ್ನೆಲ್ಲ ವಾಕ್ಯಕ್ಕೆ ಹಾಕಿ ನೋಡಿದೆ.

ಸರಸ್ವತಿಪುರಂನವರಿಗೆ ಒಂದು ಮಾತು. ಪದ ನಿನ್ನೆ ಬಂದದ್ದೋ ಹಿಂದೆ ಬಂದದ್ದೋ ಅನ್ನುವುದು ನನಗೆ ಮುಖ್ಯ ಅಲ್ಲ. ಎರಡು ವಸ್ತುವಿಗೆ ಎರಡು ಹೆಸರು ಬೇಕು, ಅಷ್ಟೇ. ಇಂಗ್ಲಿಷಿನ ಸ್ಯಾಂಪಲ್ಲೂ ಎಕ್ಸಾಂಪಲ್ಲೂ ಒಂದೇ ಲ್ಯಾಟಿನ್ ಪದದ ಮಕ್ಕಳು. ಅವರಿಗೆ ಅರ್ಥ ಬೇರೆ ಮಾಡಿಕೊಳ್ಳಬೇಕಾಯಿತು, ರೂಪವನ್ನೂ ಬೇರೆ ಮಾಡಿಕೊಂಡರು. ನಮ್ಮ ಮಾದರಿ ಇನ್ನೂ ಒಡೆದಿಲ್ಲ. ತಮಿಳಿನ ಮಾದಿರಿಗೂ ಇದೇ ಕಷ್ಟ. ಅಲ್ಲೂ ಸ್ಯಾಂಪಲ್, ಮಾಡೆಲ್, 'ಹಾಗೆ' ಅನ್ನುವ ಅರ್ಥ, ಮೂರೂ ಒಂದೇ ಪದದಲ್ಲಿವೆ.

ಮೇಷ್ಟ್ರೇ, ಸಮೀಕ್ಷೆಯ ಹೆಸರನ್ನು ನಾನು ಮುಟ್ಟುವುದಿಲ್ಲ. ಆದರೆ ನನ್ನ ಬೋರ್ಡಿನಲ್ಲಿ ಮೂರು ವಿಭಾಗದವರು ಮಾದರಿ ಅನ್ನುವುದು ಮಾಡೆಲ್ಲಿಗೆ. ಉಳಿದ ನರ್ಸಿಂಗ್ ಮಕ್ಕಳೂ ಅಚ್ಚಾದ ಫಾರಮ್ಮಿನಲ್ಲಿ ಮಾತ್ರ 'ರಕ್ತದ ಮಾದರಿ' ನೋಡುತ್ತಾರೆ. ಬಾಯಲ್ಲಿ ಸ್ಯಾಂಪಲ್ ತಗೊಂಡೆ, ಸ್ಯಾಂಪಲ್ ಕಳಿಸಿದೆ ಅಂತಲೇ ಅನ್ನುತ್ತಾರೆ. ಅವರ ಬಾಯಿಂದಲೇ ಪದ ತೆಗೆದುಕೊಂಡೆ. ಮಾದರಿಯ ಹಿಂದೆ 'ಲೆಕ್ಕದ' ಅಂತ ಸೇರಿಸಿದೆ, ಮಾದರಿ ಶಾಲೆಯ ಅರ್ಥ ಬರಬಾರದು ಅಂತ. ಬೋರ್ಡಿನಲ್ಲಿ ಈಗ ಹೀಗಿದೆ:

"ರಕ್ತದ ಸ್ಯಾಂಪಲ್‌ಗಳಿಂದ ಬಂದ ಅಂಕಿಗಳಿಗೆ ಒಂದು ಲೆಕ್ಕದ ಮಾದರಿಯನ್ನು ಹೊಂದಿಸಿದೆವು. ಆ ಮಾದರಿ ಸರಿಯೇ ಎಂದು ನೋಡಲು ಹೊಸ ಸ್ಯಾಂಪಲ್‌ಗಳನ್ನು ತೆಗೆದುಕೊಂಡೆವು."

ಬೆಳಿಗ್ಗೆ ಲ್ಯಾಬಿನ ಅಕ್ಕನಿಗೆ ಓದಿದೆ. "ಮೊದಲು ಲೆಕ್ಕ ಹಾಕಿ, ಆಮೇಲೆ ಬೇರೆಯವರ ರಕ್ತ ತೆಗೆದು ತಾಳೆ ನೋಡಿದ್ದೀರಿ, ಅಲ್ವಾ?" ಅಂದರು. ಅಲ್ಲಿಗೆ ನಿಲ್ಲಿಸಿದೆ. ತಾಳೆ ನೋಡುವುದು ಎಷ್ಟು ಒಳ್ಳೆಯ ಮಾತು! ಪರೀಕ್ಷಿಸು ಅಂತ ಬರೆದಿದ್ದನ್ನೆಲ್ಲ ತೆಗೆದು ಐದನೇ ಬೋರ್ಡಿನಲ್ಲಿ ಇದನ್ನೇ ಹಾಕಿದೆ.

ಇನ್ನೊಂದು ಉಳಿದಿದೆ, ಒಂಬತ್ತೂವರೆಯೊಳಗೆ ಹೇಳಿ. ಕೆರ್ಮಾಕ್ ಮತ್ತು ಮೆಕೆಂಡ್ರಿಕ್ ಊರಿನ ಜನರನ್ನು ಮೂರು ಗುಂಪು ಮಾಡುತ್ತಾರೆ. ಸೋಂಕು ತಗಲಬಹುದಾದವರು, ತಗಲಿರುವವರು ಎರಡೂ ಆಯಿತು. ಮೂರನೆಯವರಿಗೆ ಮಕ್ಕಳು 'ಗುಣವಾದವರು' ಅಂತ ಬರೆದುಕೊಟ್ಟಿದ್ದಾರೆ. ಮೂರನೆಯ ಗುಂಪಿನಲ್ಲಿ ಸತ್ತವರೂ ಇದ್ದಾರೆ. ಬೊಂಬಾಯಿಯ ಪ್ಲೇಗಿನಲ್ಲಂತೂ ಎಣಿಸಿದ್ದೇ ಸತ್ತವರನ್ನು. ಗುಣವಾದವರು ಅಂತ ಬರೆಯಲು ನನ್ನ ಕೈ ಬರುತ್ತಿಲ್ಲ. 'ಸೋಂಕಿನಿಂದ ಹೊರಗಾದವರು' ಅಂತ ಸದ್ಯಕ್ಕೆ ಹಾಕಿದ್ದೇನೆ. ಇದಕ್ಕಿಂತ ಒಳ್ಳೆಯದು ಯಾರ ಹತ್ತಿರವಾದರೂ ಇದೆಯಾ?

ಒಂಟಿಕೊಪ್ಪಲಿನಿಂದ:

ಅದೇ ಇರಲಿ. ಕೆಳಗೆ ಸಣ್ಣ ಅಕ್ಷರದಲ್ಲಿ "ಗುಣವಾದವರು ಮತ್ತು ಸತ್ತವರು" ಅಂತ ಹಾಕಿ. ಶನಿವಾರ ಬರುತ್ತೇನೆ.