ಸಾಮಾನು ವಾಪಸ್ ಕೊಟ್ಟರೂ ಪಾಯಿಂಟು ಉಳಿದರೆ, ಅದನ್ನು ಬಳಸೋದು ತಪ್ಪಾ?

ಬಿಲ್ಲು_ಬಾಣ

ಗ್ರಾಹಕರ ಪಾಯಿಂಟು ಯೋಜನೆಗಳಲ್ಲಿ ಆಗಾಗ ಕಾಣೋ ಮೂರು ಸಂಗತಿ ಮುಂದಿಡ್ತೀನಿ. ಮೂರಕ್ಕೂ ಒಂದೇ ಉತ್ತರ ಇರಲಾರದು ಅನ್ನೋದು ನನ್ನ ಗುಮಾನಿ. ಆದರೆ ಗೆರೆ ಎಲ್ಲಿ ಎಳೀಬೇಕು? ಲೆಕ್ಕಕ್ಕೆ ಸುಲಭವಾಗಲಿ ಅಂತ ನೂರು ರೂಪಾಯಿಗೊಂದು ಪಾಯಿಂಟು, ಒಂದು ಪಾಯಿಂಟಿಗೆ ಮುಂದಿನ ಬಿಲ್ಲಿನಲ್ಲಿ 1 ರೂಪಾಯಿ ಕಡಿತ ಅಂತ ಇಟ್ಕೊಳ್ಳಿ.

ಒಂದು: "100 ಅಥವಾ ಅದರ ಭಾಗಕ್ಕೆ 1 ಪಾಯಿಂಟು" ಅಂತ ನಿಯಮದಲ್ಲೇ ಇದೆ. 101ರ ಬಿಲ್ಲಿಗೂ 2 ಬರುತ್ತೆ. ಹಾಗಾಗಿ ದೊಡ್ಡ ಬಿಲ್ಲನ್ನು ಒಡೆಸಿ ಚಿಕ್ಕ ಚಿಕ್ಕ ಬಿಲ್ಲು ಮಾಡಿಸಿಕೊಳ್ಳೋದು.

ಎರಡು: ಬಿಲ್ಲಿನ ಅರ್ಧ ಗಿಫ್ಟ್ ಕಾರ್ಡಿನಲ್ಲಿ, ಅರ್ಧ ಬ್ಯಾಂಕ್ ಕಾರ್ಡಿನಲ್ಲಿ ಕಟ್ಟಿ, ಆಮೇಲೆ ಸಾಮಾನು ಹಿಂದಿರುಗಿಸಿದರೆ, ಬ್ಯಾಂಕ್ ಕಾರ್ಡಿನ ಪಾಲಿನ ಪಾಯಿಂಟು ಮಾತ್ರ ಕಡಿತವಾಗುತ್ತೆ. ಉಳಿದರ್ಧ ಖಾತೆಯಲ್ಲೇ ಇರುತ್ತೆ.

ಮೂರು: ಪ್ರೊಫೈಲಿನಲ್ಲಿ ಹುಟ್ಟಿದ ತಿಂಗಳು ಬದಲಿಸಿದಷ್ಟು ಸಲವೂ ಹುಟ್ಟುಹಬ್ಬದ ಬೋನಸ್.

ಷರತ್ತುಗಳಲ್ಲಿ "ದುರ್ಬಳಕೆ ಕಂಡುಬಂದಲ್ಲಿ ಖಾತೆ ರದ್ದು" ಅಂತ ಒಂದೇ ಸಾಲು. ಯಾವುದು ದುರ್ಬಳಕೆ ಅಂತ ಎಲ್ಲೂ ಬರೆದಿಲ್ಲ. ಇನ್ನೊಂದು ಪ್ರಶ್ನೆ: ಬೇಕಂತಲೇ ಮಾಡದೆ, ತಾನಾಗಿ ಹೀಗೆ ಉಳಿದ ಪಾಯಿಂಟನ್ನು ಏನು ಮಾಡಬೇಕು?

---

ಕಿರ್ದಿ_ಖಾತೆ

ಮೊದಲನೆಯದು ಗ್ಲಿಚ್ಚೇ (ತಾಂತ್ರಿಕ ದೋಷ) ಅಲ್ಲ. ಯಾರೋ ಕೂತು ಬರೆದು, ಇನ್ಯಾರೋ ಸಹಿ ಹಾಕಿದ ನಿಯಮ. ಲೆಕ್ಕ ಹಾಕದೆ ಬರೆದಿದ್ದಾರೆ, ಅಷ್ಟೆ. 1010ರ ಒಂದೇ ಬಿಲ್ಲಿಗೆ 11 ಪಾಯಿಂಟು. ಅದನ್ನೇ 101ರ ಹತ್ತು ಬಿಲ್ಲು ಮಾಡಿಸಿದರೆ 20. ಶೇ 1.09 ಇದ್ದ ರಿಯಾಯಿತಿ ಶೇ 1.98 ಆಯ್ತು. ಬೇಡವಾದರೆ "ದಿನದ ಒಟ್ಟು ಖರೀದಿಯ ಮೇಲೆ" ಅಂತ ತಿದ್ದೋಕೆ ಕಂಪನಿಗೆ ಒಂದು ಸಾಲು ಸಾಕು. ತಿದ್ದೋವರೆಗೆ ಅದು ಅವರೇ ಕೊಟ್ಟ ಮಾತು. ಕೌಂಟರಿನಲ್ಲಿ ನಿಮ್ಮ ಹಿಂದೆ ನಿಂತವರು ಹಾಕೋ ಶಾಪ ಬೇರೆ ವಿಷಯ.

ಎರಡನೆಯದು ಹಾಗಲ್ಲ. ಪಾಯಿಂಟು ಅಂದರೆ ಗಾಳಿಯಲ್ಲಿ ಹುಟ್ಟೋದು ಅಂದುಕೊಂಡವರೇ ಹೆಚ್ಚು. 2018ರ ಜನವರಿಯಿಂದ ಜಾರಿಯಲ್ಲಿರೋ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 15 ಪ್ರಕಾರ ಮಾರಾಟದ ಹಣದಲ್ಲೇ ಒಂದು ಪಾಲನ್ನು ಪಾಯಿಂಟಿನ ಹೆಸರಲ್ಲಿ ಬದಿಗಿಡಬೇಕು. 1000ದ ಸಾಮಾನು, 10 ಪಾಯಿಂಟು, ಅದರಲ್ಲಿ ಶೇ 80 ಮಾತ್ರ ಬಳಕೆಯಾಗುತ್ತೆ ಅನ್ನೋ ಅಂದಾಜು ಅಂತಿಟ್ಟುಕೊಳ್ಳಿ. ಪಾಯಿಂಟಿನ ಬೆಲೆ 8. ಬಂದ 1000ವನ್ನು 1000:8ರ ಪ್ರಮಾಣದಲ್ಲಿ ಹಂಚಿದರೆ ಇವತ್ತಿನ ಆದಾಯ 992.06, ಇನ್ನುಳಿದ 7.94 ಹೊಣೆಯ ಪಟ್ಟಿಯಲ್ಲಿ ಕೂರುತ್ತೆ. ಗ್ರಾಹಕ ಪಾಯಿಂಟು ಬಳಸಿದಾಗ ಅಥವಾ ಅವಧಿ ಮುಗಿದಾಗ ಮಾತ್ರ ಅದು ಆದಾಯ.

ಈಗ ಸಾಮಾನು ವಾಪಸ್ ಬಂತು, ಹಣ ವಾಪಸ್ ಹೋಯ್ತು. ಮಾರಾಟವೇ ಇಲ್ಲ, ಆದರೆ ಪಾಯಿಂಟಿನ ಸಾಲ ಮಾತ್ರ ಉಳೀತು. ಇದನ್ನು ಕೊಡ್ತೀನಿ ಅಂತ ಯಾರೂ ಎಲ್ಲೂ ನಿರ್ಧರಿಸಿಲ್ಲ. ನನ್ನ ಮಟ್ಟಿಗೆ ಗೆರೆ ಇಲ್ಲೇ ಇದೆ: ದಡ್ಡ ನಿರ್ಧಾರದ ಲಾಭ ಪಡೆಯಬಹುದು, ಯಾರೂ ನಿರ್ಧರಿಸದೇ ಇದ್ದದ್ದನ್ನು ಕೆದಕಿ ಕೆದಕಿ ತೆಗೆಯೋ ಹಾಗಿಲ್ಲ.

"ದೊಡ್ಡ ಕಂಪನಿ, ಅವರಿಗೇನು ನಷ್ಟ" ಅನ್ನೋ ಮಾತು ಬರುತ್ತೆ ಅಂತ ಮೊದಲೇ ಹೇಳಿಬಿಡ್ತೀನಿ. ಹಲವು ಬ್ರ್ಯಾಂಡುಗಳು ಸೇರಿ ನಡೆಸೋ ಯೋಜನೆಗಳಲ್ಲಿ ಪಾಯಿಂಟು ಕೊಟ್ಟ ಅಂಗಡಿಯೇ ಯೋಜನೆ ನಡೆಸೋರಿಗೆ ಪಾಯಿಂಟಿಗಿಷ್ಟು ಅಂತ ಕಟ್ಟುತ್ತೆ. ಪಾಯಿಂಟು ಸ್ವೀಕರಿಸಿದ ಅಂಗಡಿಗೆ ಆ ದುಡ್ಡು ಸೇರುತ್ತೆ. ಫ್ರಾಂಚೈಸಿ ಅಂಗಡಿಯಾದರೆ ಆ ಬಿಲ್ಲು ಮಾಲೀಕನ ಕೈಯಿಂದಲೇ ಹೋಗೋದು.

---

ನಡುರಾತ್ರಿ_ಬ್ಯಾಚ್

ಎರಡನೆಯದು ಯಾಕಾಗುತ್ತೆ ಅಂತ ಹೇಳ್ತೀನಿ, ಆಗ ಮುಂದೇನಾಗುತ್ತೆ ಅನ್ನೋದೂ ಗೊತ್ತಾಗುತ್ತೆ. ಬಿಲ್ಲಿಂಗ್ ಒಂದು ವ್ಯವಸ್ಥೆ, ಪಾಯಿಂಟು ಇನ್ನೊಂದು. ಮಾರಾಟವಾದಾಗ ಬಿಲ್ ನಂಬರ್, ಮೊತ್ತ, ಸದಸ್ಯರ ಐಡಿ ಇರೋ ಒಂದು ಸಂದೇಶ ಆಚೆ ಹೋಗುತ್ತೆ. ವಾಪಸಾತಿಯಾದಾಗ ಅದೇ ಮೂಲ ಬಿಲ್ ನಂಬರ್ ಇಟ್ಟುಕೊಂಡು ಇನ್ನೊಂದು ಹೋಗಬೇಕು. ಎರಡು ಬಗೆಯಲ್ಲಿ ಪಾವತಿಯಾಗಿದ್ದರೆ ವಾಪಸಾತಿಯೂ ಎರಡು ಸಾಲಾಗುತ್ತೆ. ಬ್ಯಾಂಕ್ ಕಾರ್ಡಿನ ಸಾಲು "ರಿಟರ್ನ್" ಅಂತ ಹೋಗುತ್ತೆ. ಗಿಫ್ಟ್ ಕಾರ್ಡಿನ ಸಾಲು ಎಷ್ಟೋ ಕಡೆ "ಕಾರ್ಡಿಗೆ ಹಣ ತುಂಬಿದ್ದು" ಅಂತ ದಾಖಲಾಗುತ್ತೆ, ಅದರ ಜೊತೆ ಮೂಲ ಬಿಲ್ ನಂಬರ್ ಇರೋದೇ ಇಲ್ಲ. ಪಾಯಿಂಟು ಎಂಜಿನ್ನಿಗೆ ಅದು ವಾಪಸಾತಿ ಅಂತ ಗೊತ್ತಾಗೋಕೆ ದಾರಿಯೇ ಇಲ್ಲ.

ಆದರೆ ಇದು ಮುಚ್ಚಿಹೋಗಲ್ಲ. ರಾತ್ರಿ ತಾನಾಗಿ ಓಡಿ ಎರಡೂ ವ್ಯವಸ್ಥೆಗಳ ಲೆಕ್ಕ ತಾಳೆ ನೋಡೋ ಬ್ಯಾಚಿನಲ್ಲಿ ನಿವ್ವಳ ಮಾರಾಟಕ್ಕೂ ಕೊಟ್ಟ ಪಾಯಿಂಟಿಗೂ ಹೊಂದಿಕೆಯಾಗಲ್ಲ. ವ್ಯತ್ಯಾಸ ಚಿಕ್ಕದಿದ್ದಾಗ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಯಾರಾದರೂ ಗುಂಪಿನಲ್ಲಿ ಹಂಚಿದ ಮೇಲೆ ಅಂಕಿ ಎದ್ದು ಕಾಣುತ್ತೆ, ಆಗ ಹಳೇದೆಲ್ಲ ಕೆದಕ್ತಾರೆ. ನೋಡೋದು ಇಷ್ಟು: ಒಟ್ಟು ಖರೀದಿಯಲ್ಲಿ ವಾಪಸಾತಿಯ ಪಾಲು, ಖರೀದಿಗೂ ವಾಪಸಾತಿಗೂ ನಡುವಿನ ಸಮಯ, ಒಂದೇ ಫೋನಿನಲ್ಲಿ ಎಷ್ಟು ಖಾತೆ. ಒಂದು ಸಲ ಹೀಗಾದವರು ಆ ಜರಡಿಯಲ್ಲಿ ಉಳಿಯಲ್ಲ. ಎಂಟು ಸಲ, ಎಂಟೂ ಸಲ ಅರ್ಧ-ಅರ್ಧ ಪಾವತಿ ಮಾಡಿದವರು ಉಳೀತಾರೆ.

ತಾನಾಗಿ ಉಳಿದ ಪಾಯಿಂಟಿನ ಬಗ್ಗೆ ಕೇಳಿದಿರಿ. ಖರ್ಚು ಮಾಡಬೇಡಿ, "ನಿಜವಾಗಿಯೂ ಹೀಗೇನಾ" ಅಂತ ಇನ್ನೊಂದು ಸಲ ಪರೀಕ್ಷೆ ಮಾಡೋಕೂ ಹೋಗಬೇಡಿ. ಆ ಎರಡನೇ ಸಲವೇ ನಿಮ್ಮ ವಿರುದ್ಧ ಸಾಕ್ಷಿ. ಬಿಲ್ ನಂಬರ್, ರಿಟರ್ನ್ ರಸೀದಿ ನಂಬರ್, ಮೊದಲಿನ ಬ್ಯಾಲೆನ್ಸು, ಆಮೇಲಿನದು, ಸಮಯ, ಇಷ್ಟರ ಸ್ಕ್ರೀನ್‌ಶಾಟ್ ತೆಗೆದಿಡಿ. ಕಸ್ಟಮರ್ ಕೇರಿಗೆ "ನಿಮ್ಮ ಆ್ಯಪಿನಲ್ಲಿ ದೋಷ ಇದೆ" ಅಂತ ಬರೆದರೆ "ಆ್ಯಪ್ ಅಪ್‌ಡೇಟ್ ಮಾಡಿ" ಅನ್ನೋ ಸಿದ್ಧ ಉತ್ತರ ಬರುತ್ತೆ. ಬದಲಿಗೆ "ಈ ನಂಬರಿನ ಬಿಲ್ಲು ಪೂರ್ತಿ ರಿಟರ್ನ್ ಆಗಿದೆ, 10 ಪಾಯಿಂಟಿನಲ್ಲಿ 5 ಮಾತ್ರ ಕಡಿತವಾಗಿದೆ, ಗಿಫ್ಟ್ ಕಾರ್ಡಿನ ಪಾಲು ಉಳಿದಿದೆ" ಅಂತ ಬರೆದು ದೂರು ಸಂಖ್ಯೆ ತಗೊಳ್ಳಿ. ಉತ್ತರ ಬಂದರೂ ಬಾರದಿದ್ದರೂ ನಿಮ್ಮ ಕಡೆಯಿಂದ ದಾಖಲೆ ಇರುತ್ತೆ. ಕೆಲವು ಕಂಪನಿಗಳ ವೆಬ್‌ಸೈಟಿನಲ್ಲಿ ಸೆಕ್ಯುರಿಟಿ ಡಾಟ್ ಟಿಎಕ್ಸ್‌ಟಿ ಅನ್ನೋ ಕಡತ ಇರುತ್ತೆ (ಅಂತರ್ಜಾಲದ ತಾಂತ್ರಿಕ ಪದ್ಧತಿ ವಿವರಿಸೋ ದಾಖಲೆಗಳಲ್ಲೊಂದಾದ 2022ರ ಆರ್‌ಎಫ್‌ಸಿ 9116 ಇದನ್ನೇ ವಿವರಿಸೋದು), ಅದರಲ್ಲಿ ದೋಷ ತಿಳಿಸೋ ನೇರ ವಿಳಾಸ ಸಿಗುತ್ತೆ.

ಪರೀಕ್ಷೆ ಬೇಡ ಅಂದೆನಲ್ಲ, ಅದಕ್ಕೊಂದು ಹೆಸರಾದ ಉದಾಹರಣೆ ಇದೆ. 2015ರಲ್ಲಿ ಭದ್ರತಾ ಸಂಶೋಧಕನೊಬ್ಬ ಸ್ಟಾರ್‌ಬಕ್ಸ್ ಗಿಫ್ಟ್ ಕಾರ್ಡುಗಳ ನಡುವೆ ಹಣ ವರ್ಗಾಯಿಸೋ ಕೋರಿಕೆಯನ್ನು ಎರಡು ಕಡೆಯಿಂದ ಒಂದೇ ಕ್ಷಣಕ್ಕೆ ಕಳಿಸಿದ. ಮೊದಲನೆಯದು ಬ್ಯಾಲೆನ್ಸು ಓದಿ, ಕಳೆದು, ಬರೆಯೋ ಮುಂಚೆಯೇ ಎರಡನೆಯದೂ ಹಳೇ ಬ್ಯಾಲೆನ್ಸು ಓದಿಬಿಡ್ತು. 5 ಡಾಲರ್ ಎರಡು ಸಲ ದಾಟಿತು. ದೋಷ ನಿಜ ಅಂತ ತೋರಿಸೋಕೆ ಅಂಗಡಿಗೆ ಹೋಗಿ ಆ ಹಣ ಖರ್ಚು ಮಾಡಿದ, ಆಮೇಲೆ ಕಂಪನಿಗೆ ನಷ್ಟ ಆಗಬಾರದು ಅಂತ ತನ್ನ ಕಾರ್ಡಿನಿಂದ 10 ಡಾಲರ್ ತುಂಬಿದ. ಇಷ್ಟಾದರೂ ತನಗೆ ಸಿಕ್ಕಿದ್ದು ಧನ್ಯವಾದವಲ್ಲ, ವಂಚನೆಯ ಮಾತು ಅಂತ ಬರೆದುಕೊಂಡ. ದೋಷ ತಿಳಿಸಿದವರನ್ನು ಹೀಗೆ ನಡೆಸಿಕೊಳ್ಳೋದು ಕಂಪನಿಗಳದ್ದೇ ದಡ್ಡತನ. ಅದೇ ವರ್ಷ ಯುನೈಟೆಡ್ ಏರ್‌ಲೈನ್ಸ್ ದೋಷ ತಿಳಿಸಿದವರಿಗೆ ಮೈಲುಗಳನ್ನೇ (ವಿಮಾನ ಕಂಪನಿಗಳ ಪಾಯಿಂಟಿಗೆ ಆ ಹೆಸರು) ಬಹುಮಾನವಾಗಿ ಕೊಡೋಕೆ ಶುರು ಮಾಡಿತು, ಗಂಭೀರ ದೋಷಕ್ಕೆ 10 ಲಕ್ಷ ಮೈಲುವರೆಗೆ.

---

ರಂಗೋಲಿ_ಕೆಳಗೆ

ಎಲ್ಲ ಸರಿ ಸ್ವಾಮಿ, ಆದರೆ ನೀತಿಪಾಠ ಗ್ರಾಹಕನಿಗೆ ಮಾತ್ರ ಯಾಕೆ? ರಾತ್ರೋರಾತ್ರಿ ಪಾಯಿಂಟಿನ ಬೆಲೆ ಅರ್ಧಕ್ಕಿಳಿಸ್ತಾರೆ. ಅವಧಿ ಮುಗೀತು ಅಂತ ಅಳಿಸಿಹಾಕ್ತಾರೆ. ಕಿರ್ದಿಯವರು ಹೇಳಿದ "ಶೇ 80 ಮಾತ್ರ ಬಳಕೆ" ಅನ್ನೋ ಅಂದಾಜಿನ ಅರ್ಥವೇ ಐದರಲ್ಲಿ ಒಂದು ಪಾಯಿಂಟು ನಮ್ಮ ಮರೆವಿನಿಂದ ಅವರಿಗೆ ಉಳಿಯುತ್ತೆ ಅಂತ. ಅಮೆರಿಕದಲ್ಲಿ ನಾರ್ತ್‌ವೆಸ್ಟ್ ವಿಮಾನ ಕಂಪನಿ ಪ್ಲಾಟಿನಂ ಸದಸ್ಯರೊಬ್ಬರನ್ನು ಯೋಜನೆಯಿಂದ ಹೊರಹಾಕಿದಾಗ ಅವರು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟುವರೆಗೆ ಹೋಯ್ತು. ಒಪ್ಪಂದದಲ್ಲಿ ಸದ್ಭಾವದಿಂದ ನಡೆದುಕೊಳ್ಳಬೇಕು ಅನ್ನೋ ಅವರ ವಾದ 1978ರ ವಿಮಾನಯಾನ ಕಾಯ್ದೆಯ ಮುಂದೆ ನಿಲ್ಲಲ್ಲ ಅಂತ 2014ರಲ್ಲಿ ತೀರ್ಪಾಯ್ತು. ಅವರು ಚಾಪೆ ಕೆಳಗೆ ನುಸುಳಿದರೆ ನಾವು ರಂಗೋಲಿ ಕೆಳಗೆ ನುಸುಳೋದು ಸಹಜವೇ ಅಲ್ಲವಾ?

ಇನ್ನೊಂದು. 2008ರಿಂದ ಅಮೆರಿಕದ ಟಂಕಸಾಲೆ 1 ಡಾಲರ್ ನಾಣ್ಯಗಳನ್ನು ಮುಖಬೆಲೆಗೇ, ಸಾಗಣೆ ಖರ್ಚಿಲ್ಲದೆ ಮನೆಗೆ ಕಳಿಸ್ತಿತ್ತು. ಜನ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು, ಪೆಟ್ಟಿಗೆಗಳನ್ನು ಹಾಗೇ ಬ್ಯಾಂಕಿಗೆ ಕಟ್ಟಿ, ಆ ಹಣದಲ್ಲೇ ಕಾರ್ಡಿನ ಬಾಕಿ ತೀರಿಸಿ ಮೈಲು ಉಳಿಸಿಕೊಂಡರು. 2011ರ ಜುಲೈನಲ್ಲಿ ಕಾರ್ಡ್ ಪಾವತಿ ನಿಲ್ಲಿಸಿದರು, ಕಥೆ ಮುಗೀತು. ಅದು ಮೋಸವಾ?

---

ತಕರಾರು_ಅರ್ಜಿ

@ರಂಗೋಲಿ_ಕೆಳಗೆ ನಾಣ್ಯದ್ದು ಮೋಸ ಅನ್ನಲಾರೆ. ಕೊಂಡವರು ಬೆಲೆ ಕೊಟ್ಟಿದ್ದರು, ಮಾರಿದವರು ಮಾರಬೇಕು ಅಂತಲೇ ಮಾರಿದ್ದರು. ಆದರೆ ನಾಣ್ಯ ಚಲಾವಣೆಗೆ ಬರಲಿ ಅಂತ ಸಾರ್ವಜನಿಕ ಹಣದಲ್ಲಿ ಕಟ್ಟಿದ ಸಾಗಣೆ ಖರ್ಚು ಪೋಲಾಯ್ತು ಅನ್ನೋದೂ ನಿಜ. ಕಾನೂನಿಗೆ ಸಿಗದ್ದೆಲ್ಲ ಒಳ್ಳೇದು ಅಂತಲ್ಲ. ಪಾಯಿಂಟಿನ ಬೆಲೆ ಇಳಿಸೋದರ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಅದಕ್ಕೆ ದೂರು ಕೊಡಬಹುದು, ಯೋಜನೆ ಬಿಡಬಹುದು, ಪಾಯಿಂಟು ಕೂಡಿಡದೆ ಬಂದಂತೆ ಖರ್ಚು ಮಾಡಬಹುದು. ಗಿಫ್ಟ್ ಕಾರ್ಡಿನ ಲೋಪಕ್ಕೂ ಅದಕ್ಕೂ ಸಂಬಂಧ ನೀವು ಕಟ್ಟಿದ್ದು.

ಕೋರ್ಟುಗಳು ಇಂಥದರಲ್ಲಿ ನೋಡೋದು ಮುಖ್ಯವಾಗಿ ಒಂದನ್ನೇ: ಇದು ತಪ್ಪಿನಿಂದ ಆಗಿದೆ ಅಂತ ಲಾಭ ಪಡೆದವರಿಗೆ ಗೊತ್ತಿತ್ತಾ? ಸಿಂಗಾಪುರದ ಡಿಜಿಲ್ಯಾಂಡ್‌ಮಾಲ್ ಪ್ರಕರಣ ಪಾಯಿಂಟಿನದ್ದಲ್ಲ, ಬೆಲೆಯದ್ದು, ಆದರೆ ತರ್ಕ ಇದೇ. 2003ರ ಜನವರಿಯಲ್ಲಿ 3,854 ಸಿಂಗಾಪುರ ಡಾಲರಿನ ಲೇಸರ್ ಪ್ರಿಂಟರ್ ವೆಬ್‌ಸೈಟಿನಲ್ಲಿ 66ಕ್ಕೆ ಕಾಣಿಸಿಕೊಂಡಿತು. ಆರು ಜನ ಸೇರಿ 1,606 ಪ್ರಿಂಟರಿಗೆ ಆರ್ಡರ್ ಹಾಕಿದರು. ದೃಢೀಕರಣದ ಇಮೇಲೂ ತಾನಾಗಿ ಬಂತು. ಒಪ್ಪಂದ ಆಗಿಹೋಗಿದೆ, ಕೊಡಿ ಅಂತ ಕೋರ್ಟಿಗೆ ಹೋದರು. ಆ ರಾತ್ರಿ ಅವರು ಒಬ್ಬರಿಗೊಬ್ಬರು ಕಳಿಸಿಕೊಂಡ ಸಂದೇಶಗಳೇ ಅವರಿಗೆ ಮುಳುವಾದವು. ತಪ್ಪು ಬೆಲೆ ಅಂತ ಗೊತ್ತಿದ್ದೇ ದೋಚೋಕೆ ಹೊರಟಿದ್ದರು ಅಂತ 2004ರಲ್ಲಿ ಹೈಕೋರ್ಟು ಒಪ್ಪಂದಗಳನ್ನು ಅಸಿಂಧು ಮಾಡಿತು, 2005ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳೀತು. ಗುಂಪಿನಲ್ಲಿ "ಬೇಗ ಮಾಡ್ರೋ, ಸರಿ ಮಾಡೋ ಮುಂಚೆ" ಅಂತ ಹಾಕೋರು ಇದನ್ನು ನೆನಪಿಟ್ಟುಕೊಳ್ಳಲಿ. ಹಾಗೆ ಬರೆದವನಿಗೆ ಅದು ತಪ್ಪು ಅಂತ ಗೊತ್ತಿತ್ತು ಅನ್ನೋಕೆ ಬೇರೆ ಪುರಾವೆ ಬೇಕಾಗಿಲ್ಲ.

ಮೂರನೆಯದರ ಬಗ್ಗೆ ಯಾರೂ ಮಾತಾಡಿಲ್ಲ, ಯಾಕಂದರೆ ಮಾತಾಡೋಕೆ ಏನೂ ಇಲ್ಲ. ಹುಟ್ಟಿದ ತಿಂಗಳು ಬದಲಿಸೋದು ಸುಳ್ಳು ಹೇಳಿ ಲಾಭ ಪಡೆಯೋದು. ಆ್ಯಪ್ ತಡೀಲಿಲ್ಲ ಅನ್ನೋದರಿಂದ ಸುಳ್ಳು ನಿಜ ಆಗಲ್ಲ.

ನನ್ನ ಒರೆಗಲ್ಲು ಇದು: ಮಾಡೋ ಮುಂಚೆ, ಮಾಡಹೊರಟಿದ್ದನ್ನು ಇದ್ದದ್ದು ಇದ್ದಂತೆ ಕಸ್ಟಮರ್ ಕೇರಿಗೆ ಬರೆದು ಕೇಳಬಲ್ಲಿರಾ? "ಬಿಲ್ಲು ಒಡೆಸಬಹುದಾ" ಅಂತ ಯಾರು ಬೇಕಾದರೂ ಕೇಳಬಹುದು. "ವಾಪಸ್ ಕೊಡೋಕೆ ಅಂತಲೇ ಕೊಂಡು, ಉಳಿದ ಪಾಯಿಂಟು ಇಟ್ಟುಕೊಳ್ಳಬಹುದಾ" ಅಂತ ಯಾರೂ ಕೇಳಲ್ಲ.

---

ಬಿಲ್ಲು_ಬಾಣ

ಎಲ್ಲರಿಗೂ ಧನ್ಯವಾದ. ಒಂದು ಬಾಕಿ: ಗೊತ್ತಾಗೋ ಮುಂಚೆಯೇ ಆ ಪಾಯಿಂಟು ಖರ್ಚಾಗಿಬಿಟ್ಟಿದ್ದರೆ?

---

ನಡುರಾತ್ರಿ_ಬ್ಯಾಚ್

ಆಗಲೂ ಅದೇ ರೀತಿ ಬರೆದು ತಿಳಿಸಿ, "ಖರ್ಚಾಗಿದೆ" ಅಂತಲೂ ಸೇರಿಸಿ. ಸಾಮಾನ್ಯವಾಗಿ ಅವರು ಬ್ಯಾಲೆನ್ಸನ್ನು ಮೈನಸ್ಸಿಗೆ ತರ್ತಾರೆ, ಮುಂದಿನ ಖರೀದಿಯ ಪಾಯಿಂಟಿನಿಂದ ಅದು ಭರ್ತಿಯಾಗುತ್ತೆ. ಮೈನಸ್ ಇದ್ದಾಗ ಖಾತೆ ಮುಚ್ಚಿ ಅದೇ ಫೋನಿನಲ್ಲಿ ಹೊಸದು ತೆರೆಯೋ ಬುದ್ಧಿ ಮಾತ್ರ ಬೇಡ. ಒಂದು ಫೋನು, ಎರಡು ಖಾತೆ ಅನ್ನೋದನ್ನೇ ಜರಡಿ ಮೊದಲು ಹಿಡಿಯೋದು.